ನೀರು ಕಾಣದ ಅಳಿಯನ ಹಾಯಿದೋಣಿ

"ಇವತ್ತಿನಿಂದ ನಾನು ಬರೇ ಗುಮಾಸ್ತ ಅಲ್ಲ, ನಾವಿಕ!" ಎಂದು ಭೀಮರಾಜ ಹೊಸ್ತಿಲಲ್ಲಿ ನಿಂತು ಘೋಷಿಸಿದಾಗ ಅವನ ಹೆಂಡತಿ ಕ್ರಾಂತಿ ಬೆಳ್ಳುಳ್ಳಿ ಸುಲಿಯುತ್ತಿದ್ದಳು. ಘೋಷಣೆ ಕೇಳಿಯೂ ಸುಲಿಯುವುದನ್ನು ನಿಲ್ಲಿಸಲಿಲ್ಲ.

"ಕುರ್ಚಿ ತರ್ತೀನಿ ಅಂತ ಹೋಗಿದ್ರಿ. ಕುರ್ಚಿ ಎಲ್ಲಿ?"

ಕುರ್ಚಿ ಇರಲಿಲ್ಲ. ಹೊಸಪೇಟೆಯಲ್ಲಿ ಯಾವುದೋ ಸರಕಾರಿ ಕಚೇರಿಯ ಹಳೆಯ ಸಾಮಾನು ಹರಾಜಿಗಿದೆ, ಅಗ್ಗಕ್ಕೆ ನಾಲ್ಕು ಕುರ್ಚಿ ಹೊಡೆದುಕೊಂಡು ಬರುತ್ತೇನೆ ಎಂದು ಹರಪನಹಳ್ಳಿಯಿಂದ ಬೆಳಗಿನ ಬಸ್ಸಿಗೆ ಹೋದವನು, ಸಂಜೆ ಒಂದು ಫೈಬರ್ ದೋಣಿಯ ಮಾಲೀಕನಾಗಿ ಮರಳಿದ್ದ. ಅದೂ ಇಂಜಿನ್ ಕಿತ್ತುಹೋದ ದೋಣಿ! ಅದರ ಸರದಿ ಬಂದಾಗ ನೆರೆದಿದ್ದವರಲ್ಲಿ ಯಾರೂ ಕೈ ಎತ್ತಲಿಲ್ಲ. ಭೀಮರಾಜ ಎತ್ತಿದ. ತಲೆ ಕೆರೆದುಕೊಳ್ಳಲು ಎತ್ತಿದ್ದು ಎಂದು ಕ್ರಾಂತಿಯ ಅನುಮಾನ. ದೂರದೃಷ್ಟಿಯಿಂದ ಎತ್ತಿದ್ದು ಎಂದು ಅವನ ವಾದ.

"ಇಂಜಿನ್ ಯಾಕ ಬೇಕು? ಹಾಯಿ ಕಟ್ತೀನಿ. ಡೀಸೆಲ್ ಖರ್ಚಿಲ್ಲ, ಗಾಳಿ ಪುಕ್ಕಟೆ!"

"ನಿಮಗ ಈಜು ಬರ್ತೈತೇನ್ರಿ?"

"ದೋಣಿ ಇರೋದ ಈಜು ಬರದೋರಿಗೆ. ಈಜು ಬರೋನಿಗೆ ದೋಣಿ ಯಾಕ?"

ಈ ತರ್ಕ ಕೇಳಿ ಕ್ರಾಂತಿ ಇನ್ನೊಂದು ಬೆಳ್ಳುಳ್ಳಿ ಕೈಗೆತ್ತಿಕೊಂಡಳು. ಸರಕಾರಿ ಆಸ್ಪತ್ರೆಯ ನರ್ಸ್ ಅವಳು. ಯಾರಿಗೆ ಯಾವಾಗ ಸೂಜಿ ಚುಚ್ಚಬೇಕು ಎಂಬುದು ಅವಳಿಗೆ ಚೆನ್ನಾಗಿ ಗೊತ್ತಿತ್ತು.

ಇಷ್ಟಕ್ಕೂ ಭೀಮರಾಜನ ಹುಚ್ಚಿಗೆ ಒಂದು ಹಳೆಯ ಗಾಯ ಕಾರಣ. ಅವನು ಹುಟ್ಟಿ ಬೆಳೆದಿದ್ದು ಕೂಡ್ಲಿಗಿ ಕಡೆ. ಅವನ ಊರಿನಲ್ಲಿ ಕೆರೆ ಎಂದರೆ ಹುಡುಗರು ಚೆಂಡಾಡುವ ಬಯಲು. ಕ್ರಾಂತಿಯ ತವರೋ, ಹಗರಿಬೊಮ್ಮನಹಳ್ಳಿ ತಾಲ್ಲೂಕಿನಲ್ಲಿ ತುಂಗಭದ್ರಾ ಅಣೆಕಟ್ಟಿನ ಹಿನ್ನೀರಿನ ದಂಡೆಯ ಮೇಲೆ. ಅಲ್ಲಿ ಕೂಸುಗಳು ನಡೆಯುವ ಮೊದಲೇ ಈಜುತ್ತವೆ. ಅವನ ಅತ್ತೆ ದ್ಯಾಮಕ್ಕ ಈ ವಯಸ್ಸಿನಲ್ಲೂ ಒಬ್ಬಳೇ ಹರಿಗೋಲಿಗೆ ಹುಟ್ಟು ಹಾಕಿಕೊಂಡು ಆಚೆ ದಡಕ್ಕೆ ಹೋಗಿ ಮೀನು ಮಾರಿ ಬರುವ ಗಟ್ಟಿಗಿತ್ತಿ. ಮದುವೆಯಾದ ಮರುದಿನ ಹೊಸ ಅಳಿಯನನ್ನು ಹರಿಗೋಲಿನಲ್ಲಿ ಕೂರಿಸಿದ್ದೇ ತಡ, ಅವನು ಎರಡೂ ಕೈಯಲ್ಲಿ ಅದರ ಅಂಚನ್ನು ತಬ್ಬಿಕೊಂಡು "ಇಳಸ್ರೋ! ಇಳಸ್ರೋ!" ಎಂದು ಬೊಬ್ಬೆ ಹೊಡೆದಿದ್ದ. ಹರಿಗೋಲು ಆಗ ಇನ್ನೂ ದಡದ ಮೇಲೆಯೇ ಇತ್ತು! ಅಂದಿನಿಂದ ಅವನು ದಂಡೆಯ ಕಡೆ ತಲೆ ಹಾಕಲಿಲ್ಲ. ಆ ಊರಿನಲ್ಲಿ ಅವನ ಹೆಸರೇ 'ನೀರು ಕಾಣದ ಅಳಿಯ' ಎಂದಾಯಿತು. ಮದುವೆ, ಸೀಮಂತ, ಗೃಹಪ್ರವೇಶ ಯಾವುದಕ್ಕೆ ಹೋದರೂ ಯಾರಾದರೊಬ್ಬರು ಅವನ ಮುಂದೆ ಚೊಂಬು ನೀರು ಇಟ್ಟು "ಹುಷಾರ್ರಿ, ಆಳ ಐತಿ" ಎನ್ನುತ್ತಿದ್ದರು.

ಅವನಿಗೆ ಬೇರೇನೂ ಬೇಕಿರಲಿಲ್ಲ. ಅದೇ ಹಿನ್ನೀರಿನಲ್ಲಿ, ಕ್ರಾಂತಿಯನ್ನು ಎದುರಿಗೆ ಕೂರಿಸಿಕೊಂಡು, ಕಚೇರಿಗೆ ಬಂದ ಕ್ಯಾಲೆಂಡರಿನ ಚಿತ್ರದಲ್ಲಿದ್ದ ಹಾಗೆ ಹಾಯಿ ಬಿಚ್ಚಿ ಸರ್ರನೆ ಹೋಗಬೇಕು. ದಂಡೆಯಲ್ಲಿ ನಿಂತ ಊರು ಬಾಯಿ ಮುಚ್ಚಿಕೊಂಡು ನೋಡಬೇಕು. ಅಷ್ಟೇ.

1998ರ ದಸರೆಗೆ ದೋಣಿ ಟ್ರ್ಯಾಕ್ಟರ್ ಏರಿ ಅತ್ತೆಯ ಊರಿಗೆ ಬಂತು. ಉದ್ದನೆಯ ಬಿದಿರು ಕಂಬವಾಯಿತು. ಮೆಕ್ಕೆಜೋಳ ಒಣಗಿಸುವ ನೀಲಿ ಪ್ಲಾಸ್ಟಿಕ್ ತಾಡಪತ್ರಿ ಹಾಯಿಯಾಯಿತು. ಹಿನ್ನೀರು ತುಂಬಿ ತುಳುಕುತ್ತಿತ್ತು. ದಂಡೆಯ ಜಾಲಿ ಮರಕ್ಕೆ ಕಟ್ಟಿದ ದೋಣಿ ಅಲೆಗೆ ಕುಣಿಯುತ್ತಿತ್ತು. ಭೀಮರಾಜ ಅದಕ್ಕೆ ಕಾಯಿ ಒಡೆದು, ಒಂದು ಕೈ ಸೊಂಟದ ಮೇಲಿಟ್ಟು ಫೋಟೋ ತೆಗೆಸಿಕೊಂಡು, ಇನ್ನೇನು ಕಾಲೆತ್ತಿ ಹತ್ತಬೇಕು ಅನ್ನುವಾಗ ಕ್ರಾಂತಿ ಅಡ್ಡ ಬಂದಳು.

"ಎಲ್ಲಾ ಛಲೋ ಐತ್ರಿ. ಆದ್ರ ವಿಮಾ ಮಾಡ್ಸಿದ ದೋಣಿಗಷ್ಟ ನಾನು ಕಾಲಿಡಾಕಿ. ಅಲ್ಲಿ ತನಕ ನೀವೂ ಇಡಂಗಿಲ್ಲ. ನನ್ನ ಮ್ಯಾಲಾಣಿ!"

"ಇಷ್ಟ ಹೌದಿಲ್ಲೋ? ಎಂಟು ದಿನದಾಗ ವಿಮಾ ತರ್ತೀನಿ. ತರೋ ತನಕ ಈ ಊರಿಗೆ ಮುಖ ತೋರ್ಸಂಗಿಲ್ಲ!" ಎಂದು ಭೀಮರಾಜ ಊರೆಲ್ಲ ಕೇಳುವಂತೆ ಶಪಥ ಮಾಡಿದ.

"ಆತು ಅಳಿಯಂದ್ರ," ಎಂದಳು ದ್ಯಾಮಕ್ಕ, ಎಲೆ ಅಡಿಕೆ ಜಗಿಯುತ್ತಾ. "ದೋಣಿ ನಾ ನೋಡ್ಕೊಂತೀನಿ. ನೀವು ಗಾಬರಿ ಇಲ್ದಂಗ ಹೋಗಿ ಬರ್ರಿ."

ಮೊದಲು ಸಿಕ್ಕವನು ಜೀವವಿಮೆಯ ಏಜೆಂಟ್ ಗುರುಸಂಗಪ್ಪ. ಹರಪನಹಳ್ಳಿ ಬಸ್ ಸ್ಟ್ಯಾಂಡಿನಲ್ಲಿ ಅವನನ್ನು ಕಂಡರೆ ಜನ ಬಸ್ಸಿನ ಹಿಂದೆ ಅಡಗುತ್ತಿದ್ದರು. ಅಂಥವನನ್ನು ಭೀಮರಾಜ ತಾನಾಗಿಯೇ ಹುಡುಕಿಕೊಂಡು ಹೋಗಿದ್ದು ಕಂಡು ಗುರುಸಂಗಪ್ಪನ ಕಣ್ಣಲ್ಲಿ ನೀರೇ ಬಂತು.

"ದೋಣಿಗೆ ಜೀವ ಇರಂಗಿಲ್ರಿ ಸಾರ್. ನಿಮಗ ಐತಿ. ನಿಮ್ಮ ಮ್ಯಾಲ ಮಾಡ್ಸಿಬಿಡ್ರಿ. ದೋಣಿ ಮುಳುಗಿದ್ರ ಹೆಂಗೂ ನೀವೂ ಮುಳುಗ್ತೀರಿ. ಅಕ್ಕಾರು ಆರಾಮ ಇರ್ತಾರ."

"ಮುಳುಗೋದು ಬ್ಯಾಡ ಅಂತ ಅಲ್ಲೇನಪ್ಪ ವಿಮಾ?"

"ಮುಳುಗಿದ ಮ್ಯಾಲಿನ ಮಾತಿಗೆ ವಿಮಾ ಅಂತಾರ್ರಿ. ಮುಳುಗೋಕೂ ಮೊದ್ಲಿನ ಮಾತಿಗೆ ಬುದ್ಧಿ ಅಂತಾರ."

ಭೀಮರಾಜ ಅಲ್ಲಿಂದ ಎದ್ದು ಓಬಳೇಶಪ್ಪನ ಅಂಗಡಿಗೆ ಬಂದ. ಓಬಳೇಶಪ್ಪ ಟ್ರ್ಯಾಕ್ಟರ್, ಎತ್ತು, ಎಮ್ಮೆಗಳಿಗೆ ವಿಮೆ ಮಾಡಿಸುವ ಏಜೆಂಟ್. ಹರಪನಹಳ್ಳಿಯ ಸುತ್ತ ನಾಲ್ಕು ಕಾಲಿನದಾಗಲಿ ನಾಲ್ಕು ಗಾಲಿಯದಾಗಲಿ, ಅವನ ಕೈ ದಾಟಿ ಹೋಗಿರಲಿಲ್ಲ. ಆದರೆ ಕಾಲೂ ಇಲ್ಲದ ಗಾಲಿಯೂ ಇಲ್ಲದ ಗಿರಾಕಿ ಇದೇ ಮೊದಲು.

"ಎತ್ತಿಗೆ ಮಾಡಿದ್ರ ಕಿವಿಗೆ ಬಿಲ್ಲಿ ಹೊಡೀತೀವ್ರಿ. ಎತ್ತು ಸತ್ರ ಆ ಬಿಲ್ಲಿ ತಂದು ತೋರಿಸ್ಬೇಕು. ನಿಮ್ಮ ದೋಣಿಗೆ ಕಿವಿ ಎಲ್ಲೈತಿ?"

"ಚುಕ್ಕಾಣಿಗೆ ಹೊಡೀರಿ!"

"ಅದು ಹಿಂದ್ಗಡಿ ಅಲ್ಲೇನ್ರಿ? ಬಾಲಕ್ಕ ಬಿಲ್ಲಿ ಹೊಡಿಯೋ ಪದ್ಧತಿ ನಮ್ಮಲ್ಲಿಲ್ಲ."

ಆದರೂ ಓಬಳೇಶಪ್ಪ ಹಟಗಾರ. ಮಂಗಳೂರಿನ ದೊಡ್ಡ ಆಫೀಸಿಗೆ ಪತ್ರ ಬರೆದ. ದೀಪಾವಳಿ ದಾಟಿದ ಮೇಲೆ ಉತ್ತರ ಬಂತು. ಸಣ್ಣ ಹಾಯಿದೋಣಿಗೂ ವಿಮೆ ಉಂಟು! ಅದರಲ್ಲೂ ಮೂರು ಬಗೆ. ದೋಣಿ ಪೂರ್ತಿ ಮುಳುಗಿದರೆ ಮಾತ್ರ ಕೊಡುವುದು ಒಂದು. ನಮ್ಮ ದೋಣಿಯಿಂದ ಬೇರೆಯವರಿಗೆ ಪೆಟ್ಟಾದರೆ ಕೊಡುವುದು ಇನ್ನೊಂದು. ಎಲ್ಲವೂ ಸೇರಿದ್ದು ಮತ್ತೊಂದು, ಕಂತು ಮಾತ್ರ ಕೇಳಿದರೆ ಎದೆ ಹಿಡಿದುಕೊಳ್ಳುವಷ್ಟು.

ಭೀಮರಾಜ ಅಗ್ಗದ್ದಕ್ಕೆ ಮನಸ್ಸು ಮಾಡಿ ಮನೆಗೆ ಬಂದ. ಕ್ರಾಂತಿ ಊಟಕ್ಕೆ ಬಡಿಸುತ್ತಾ ಮೆಲ್ಲಗೆ ಕೇಳಿದಳು:

"ಪೂರ್ತಿ ಮುಳುಗಿದ್ರ ಕೊಡ್ತಾರ, ಸರಿ. ಅರ್ಧ ಮುಳುಗಿದ್ರ?"

ಭೀಮರಾಜನ ಕೈಯಲ್ಲಿನ ರೊಟ್ಟಿ ಅಲ್ಲೇ ನಿಂತಿತು. ಅರ್ಧ ಮುಳುಗಿದ ದೋಣಿಯ ಉಳಿದರ್ಧವನ್ನು ತಾನೇ ಮುಳುಗಿಸಬೇಕೇ? ಮತ್ತೆ ಓಬಳೇಶಪ್ಪನ ಅಂಗಡಿ, ಮತ್ತೆ ಮಂಗಳೂರಿಗೆ ಪತ್ರ. ಉತ್ತರ ಬಂದು, ಅರ್ಧ ಮುಳುಗನ್ನೂ ಎರಡನೆಯ ಬಗೆಯನ್ನೂ ಸೇರಿಸಿಕೊಂಡು ಹಸನ್ಮುಖಿಯಾಗಿ ಬಂದರೆ, ಈ ಸಲ ಅವಳು ಸಾರಿಗೆ ಒಗ್ಗರಣೆ ಹಾಕುತ್ತಾ ಕೇಳಿದಳು:

"ನಮ್ಮೂರ ಎಮ್ಮಿಗಳು ನಡುನೀರಿನ್ಯಾಗ ಈಜ್ತಿರ್ತಾವ. ಎಮ್ಮಿಗೆ ಬಡದ್ರ?"

"ಕೊಡ್ತಾರ! ಎಮ್ಮಿನ ಬ್ಯಾರೆಯವ್ರು ಅಂತ ಹಿಡೀತಾರ."

"ಎಮ್ಮಿ ನಮ್ಮವ್ವಂದ ಆದ್ರ?"

ಅತ್ತೆಯ ಎಮ್ಮೆ ಬೇರೆಯವರೋ ಮನೆಯವರೋ? ಈ ಪ್ರಶ್ನೆ ಮಂಗಳೂರಿನ ಆಫೀಸನ್ನು ಒಂದು ತಿಂಗಳು ಅಲ್ಲಾಡಿಸಿತು. ಅಷ್ಟರಲ್ಲಿ ಭೀಮರಾಜನಿಗೂ ವಿಮೆಯ ರುಚಿ ಹತ್ತಿತ್ತು. ಬಿರುಗಾಳಿ, ಬೆಂಕಿ, ಸಿಡಿಲು, ಕಳವು ಎಲ್ಲದರ ಮೇಲೂ ಆಸೆ ಬಂತು. ಕಡಲ್ಗಳ್ಳರ ದಾಳಿಗೂ ಪರಿಹಾರ ಬೇಕೆಂದು ಹಟ ಹಿಡಿದ.

"ಹಿನ್ನೀರಿನ್ಯಾಗ ಕಡಲ್ಗಳ್ಳರು ಎಲ್ಲಿಂದ ಬರ್ತಾರ್ರಿ?" ಎಂದು ಓಬಳೇಶಪ್ಪ ತಲೆ ಮೇಲೆ ಕೈ ಹೊತ್ತ. "ಬಂದ್ರೂ ಡ್ಯಾಮಿನ ಗೋಡಿ ಏರಿ ಬರ್ಬೇಕು."

"ಬರಲಿ. ಬಂದ್ರ ನಾನು ತಯಾರ ಇರ್ಬೇಕು!"

ನೀರಾವರಿ ಕಚೇರಿಯ ತನ್ನ ಮೇಜಿನಲ್ಲಿ ಕುಳಿತು ಭೀಮರಾಜ ಈಗ ಬೇರೆ ಮಾತೇ ಆಡುತ್ತಿರಲಿಲ್ಲ. ಒಂದು ಕೈಯಲ್ಲಿ ಮಂಗಳೂರಿನ ಪತ್ರ ಓದುತ್ತಾ, ಇನ್ನೊಂದು ಕೈಯಲ್ಲಿ ಬಂದ ಸುತ್ತೋಲೆಗಳಿಗೆಲ್ಲ ಧಡ್ ಧಡ್ ಎಂದು ಮುದ್ರೆ ಒತ್ತಿ ಕಡತಕ್ಕೆ ಸೇರಿಸುತ್ತಿದ್ದ. ಅವುಗಳಲ್ಲಿ ಏನಿದೆ ಎಂದು ನೋಡಲು ನಾವಿಕನಿಗೆ ಪುರುಸೊತ್ತು ಎಲ್ಲಿ?

ಭರತ ಹುಣ್ಣಿಮೆಗೆ ಕ್ರಾಂತಿ ಒಬ್ಬಳೇ ತವರಿಗೆ ಹೋಗಿ ಬಂದಳು. ಶಪಥದ ಮನುಷ್ಯ ಹೋಗುವಂತಿರಲಿಲ್ಲ. ಬರುವಾಗ ಚೀಲದ ತುಂಬ ಹೀರೆಕಾಯಿ ತಂದಿದ್ದಳು.

"ದೋಣಿ ಹೆಂಗೈತಿ?" ಎಂದು ಭೀಮರಾಜ ಕೇಳಿದ, ಹೀರೆಕಾಯಿ ಪಲ್ಯ ಚಪ್ಪರಿಸುತ್ತಾ.

"ಕಟ್ಟಿದ ಜಾಗ ಬಿಟ್ಟು ಒಂದು ಗೇಣೂ ಅಲ್ಲಾಡಿಲ್ರಿ."

"ನಾ ಹಾಕಿದ ಗಂಟು ಅಂಥದ್ದು! ಪಲ್ಯ ಭಾಳ ಚಂದ ಆಗೇತಿ, ಇನ್ನೊಂದೀಟು ಹಾಕು."

ಅಂತೂ ಯುಗಾದಿಗೆ ಮೊದಲು ಪಾಲಿಸಿ ಕೈಗೆ ಬಂತು. ಪೂರ್ತಿ ಮುಳುಗು, ಅರ್ಧ ಮುಳುಗು, ಬಿರುಗಾಳಿ, ಬೆಂಕಿ, ಸಿಡಿಲು, ಕಳವು, ಕಡಲ್ಗಳ್ಳರು, ಅತ್ತೆಯ ಎಮ್ಮೆ ಸಮೇತ! ಇಡೀ ಭರತಖಂಡದಲ್ಲಿ ಇಂಥ ವಿಮೆ ಇರುವ ದೋಣಿ ಇನ್ನೊಂದಿಲ್ಲ ಎಂದು ಓಬಳೇಶಪ್ಪ ಕೈಮುಗಿದು, ಇನ್ನು ತನ್ನ ಅಂಗಡಿಗೆ ಬರಬೇಡಿ ಎಂದು ಬೇಡಿಕೊಂಡ. ಅಭಿಮಾನಕ್ಕೆ ಒಂದು ಎತ್ತಿನ ಬಿಲ್ಲೆಯನ್ನೂ ಕೊಟ್ಟ.

ಭೀಮರಾಜ ಇಸ್ತ್ರಿ ಮಾಡಿದ ಬಿಳಿ ಅಂಗಿ, ಬಿಳಿ ಪ್ಯಾಂಟು ತೊಟ್ಟು, ಒಂದು ಹೂವಿನ ಹಾರ ಹಿಡಿದು, ಕ್ರಾಂತಿಯೊಂದಿಗೆ ಅತ್ತೆಯ ಊರಿನಲ್ಲಿ ಬಸ್ಸಿಳಿದ. ಜನ ಚಹಾದಂಗಡಿಯಿಂದ ಎದ್ದು ಬಂದರು. ಅವನು ಯಾರನ್ನೂ ನೋಡದೆ, ಎದೆ ಸೆಟೆಸಿಕೊಂಡು ನೇರವಾಗಿ ದಂಡೆಯ ಜಾಲಿ ಮರದ ಕಡೆ ನಡೆದ.

ಜಾಲಿ ಮರ ಇತ್ತು. ದೋಣಿಯೂ ಇತ್ತು. ನೀರು ಇರಲಿಲ್ಲ!

ಕಣ್ಣು ಹಾಯಿಸಿದಷ್ಟು ದೂರ ಬಿರುಕು ಬಿಟ್ಟ ಎರೆನೆಲ. ಅದರಾಚೆ ಎಲ್ಲೋ, ಒಣಹಾಕಿದ ಬಿಳಿ ಪಂಚೆಯಂತೆ ಒಂದಿಷ್ಟು ನೀರು ಮಿನುಗುತ್ತಿತ್ತು. ದೋಣಿಯ ಸುತ್ತ ನೇಗಿಲು ಹೊಡೆದ ಗುರುತು. ಒಳಗೆ ದ್ಯಾಮಕ್ಕನ ಆಡು ಎರಡು ಮರಿಗಳ ಸಮೇತ ಮಲಗಿ ಮೆಲುಕು ಹಾಕುತ್ತಿತ್ತು. ಕ್ಯಾಲೆಂಡರಿನ ಚಿತ್ರ ನೋಡಿ ನಿಲ್ಲಿಸಿದ ಬಿದಿರು ಕಂಬಕ್ಕೆ ಬುಡದಿಂದ ತುದಿಯವರೆಗೆ ಹೀರೆಬಳ್ಳಿ ಹಬ್ಬಿತ್ತು. ನೀಲಿ ಹಾಯಿಯನ್ನು ನೆಲಕ್ಕೆ ಹಾಸಿ ದ್ಯಾಮಕ್ಕ ಅದರ ಮೇಲೆ ಕಡಲೆ ಒಣಹಾಕಿದ್ದಳು.

"ಬರ್ರಿ ಅಳಿಯಂದ್ರ. ದೋಣಿ ಭಾಳ ಅನುಕೂಲ ಆತು ನೋಡ್ರಿ," ಎಂದು ಅತ್ತೆ ಅವನ ಕೈಗೆ ಎಳೆಯ ಹೀರೆಕಾಯಿ ಇಟ್ಟಳು.

ಭೀಮರಾಜನ ಬಾಯಲ್ಲಿ ಪಲ್ಯದ ರುಚಿ ಕಹಿಯಾಗಿ ಮರಳಿ ಬಂತು. ತಾನು ಅವತ್ತು ಚಪ್ಪರಿಸಿ ತಿಂದದ್ದು ತನ್ನ ಹಡಗಿನ ಕಂಬವನ್ನೇ!

ಚಹಾದಂಗಡಿಯ ಪಕ್ಕದ ಎಸ್‌ಟಿಡಿ ಬೂತಿಗೆ ಓಡಿದ. ಹಿಂದೆ ಅರ್ಧ ಊರು ಓಡಿತು.

"ಓಬಳೇಶಪ್ಪಾರ! ದೋಣಿ ನೀರಿನ್ಯಾಗಿಲ್ಲ!"

"ಮುಳುಗೇತೇನ್ರಿ?"

"ಇಲ್ರಿ! ನೀರು ಹೋಗೇತಿ!"

ಆ ಕಡೆ ಓಬಳೇಶಪ್ಪ ಸರಸರನೆ ಕಾಗದ ತಿರುವಿಹಾಕಿದ ಸದ್ದು ಕೇಳಿತು. "ಸಾರ್, ದೋಣಿ ಹೋದ್ರ ಕೊಡ್ತೀವಿ. ನೀರು ಹೋದ್ರ ಕೊಡಂಗಿಲ್ರಿ. ಕಡಲ್ಗಳ್ಳರನ್ನ ಕೇಳಿದ್ರಿ, ಇದೊಂದು ನೀವು ಕೇಳ್ಲೇ ಇಲ್ಲ."

ಭೀಮರಾಜ ದೋಣಿಯ ಅಂಚಿಗೆ ಬಂದು ಆಡಿನ ಪಕ್ಕ ಕುಸಿದು ಕುಳಿತ. "ನಮ್ಮೂರ ಕೆರಿ ಬತ್ತೋದು ಗೊತ್ತಿತ್ತು. ಇದು ಸರಕಾರಿ ನೀರಲ್ಲೇನ?" ಎಂದು ಗೊಣಗಿದ.

"ಕಾಲುವಿಗೆ ಬಿಟ್ಟಾರ್ರಿ. ವರ್ಷಾ ವರ್ಷಾ ಬಿಡ್ತಾರ, ಮಳಿಗಾಲಕ್ಕ ಮತ್ತ ತುಂಬತೈತಿ," ಎಂದಳು ಕ್ರಾಂತಿ. "ಅದರ ಸುತ್ತೋಲೆ ನಿಮ್ಮ ಆಫೀಸಿಗೇ ಬರ್ತೈತಲ್ಲ. ನಿಮ್ಮ ಕೈಲೇ ಮುದ್ರೆ ಬಿದ್ದಿರ್ತೈತಿ."

ಭೀಮರಾಜ ಹೆಂಡತಿಯ ಮುಖ ನೋಡಿದ. ಅರ್ಧ ಮುಳುಗಿದ್ದು, ಎಮ್ಮೆ, ಅವ್ವನ ಎಮ್ಮೆ, ಒಂದೊಂದೇ ನೆನಪಾದವು.

"ನಿನಗ ಮೊದ್ಲಿಂದ್ಲೂ ಗೊತ್ತಿತ್ತು!"

"ಗೊತ್ತಿತ್ರಿ. ವಿಮಾ ಹುಡುಕ್ರಿ ಅಂದ್ರ ನೀರು ಇಳಿಯೋ ತನಕ ನೀವು ದಂಡಿ ಕಡಿ ಬರಂಗಿಲ್ಲ ಅಂತ ಗೊತ್ತಿತ್ತು." ಅವಳ ದನಿ ಸಣ್ಣಗಾಯಿತು. "ಈಜು ಬರದೋರನ್ನ ಈ ನೀರಿನಿಂದ ಎತ್ತಿ ತಂದಿದ್ದು ಸಣ್ಣಾಕಿದ್ದಾಗ ಕಂಡೀನಿ. ಬ್ಯಾಡ ಅಂದ್ರ ನೀವು ಕೇಳೋರೇನ್ರಿ? ಜನ ನಗ್ತಾರಂತ ಅವತ್ತೇ ಹತ್ತಿ ಹೋಗ್ತಿದ್ರಿ. ನನಗ ನಾವಿಕ ಬ್ಯಾಡ. ಗುಮಾಸ್ತ ಸಾಕು, ಜೀವಂತ ಇರ್ಲಿ."

ಇಂಥ ವಿಮೆ ಮಂಗಳೂರಿನ ಯಾವ ಪಾಲಿಸಿಯಲ್ಲೂ ಇರಲಿಲ್ಲ. ಭೀಮರಾಜನ ಕಣ್ಣು ಒದ್ದೆಯಾಯಿತು. ಅದನ್ನು ಮುಚ್ಚಿಕೊಳ್ಳಲು, "ಮಳಿಗಾಲಕ್ಕ ಮತ್ತ ನೀರು ಬರ್ತೈತಿ. ಆಗ ಏನ್ಮಾಡ್ತಿ?" ಎಂದು ಜೋರು ಮಾಡಿದ.

"ಅಷ್ಟರಾಗ ಕಲಿಸ್ತೀನಿ," ಎಂದವಳು ದ್ಯಾಮಕ್ಕ.

ಮರುದಿನ ಬೆಳಿಗ್ಗೆ ಊರ ಬಾವಿಯ ಸುತ್ತ ಜನವೋ ಜನ. ಬಾವಿಯೊಳಗೆ, ಬೆನ್ನಿಗೆ ಒಣಗಿದ ಸೋರೆಬುರುಡೆ, ಸೊಂಟಕ್ಕೆ ಹಗ್ಗ, ಕೆಳಗಿನ ಮೆಟ್ಟಿಲನ್ನು ಎರಡೂ ಕೈಯಲ್ಲಿ ತಬ್ಬಿ ನಿಂತ ಭೀಮರಾಜ! ಪಕ್ಕದಲ್ಲಿ ಸೀರೆ ಎತ್ತಿ ಕಟ್ಟಿ ನಿಂತಿದ್ದ ಅತ್ತೆ "ಬಿಡ್ರಿ ಅಳಿಯಂದ್ರ!" ಎಂದು ಗದರಿಸಿ, ಅವನ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ ನೂಕಿಯೇಬಿಟ್ಟಳು.

"ಕ್ರಾಂತೀ!" ಬುಳುಬುಳು ಸದ್ದಿನ ನಡುವಿನಿಂದ ನಾವಿಕನ ಆರ್ತನಾದ ಎದ್ದಿತು. "ಈ ಬುರುಡಿಗೆ ವಿಮಾ ಐತೇನಽ?"

ಮೇಲೆ ಕಟ್ಟೆಯ ಮೇಲೆ ಕುಳಿತಿದ್ದ ಕ್ರಾಂತಿ, ಹಗ್ಗವನ್ನು ತನ್ನ ಮುಂಗೈಗೆ ಇನ್ನೊಂದು ಸುತ್ತು ಬಿಗಿಯಾಗಿ ಸುತ್ತಿಕೊಂಡಳು.

"ಐತ್ರಿ, ನಾ ಹಿಡದೀನಿ! ನೀವು ಕಾಲು ಬಡೀರಿ!"