ಸೀರೆಯ ಅಂಚೂ ಬಚ್ಚಲಿನ ಇರುವೆಯೂ

ಬೇರೆಯವರ ಕಾಯಿಲೆಯನ್ನು ಕಂಡುಹಿಡಿಯುವುದರಲ್ಲಿ ಒಂದು ದೊಡ್ಡ ಸುಖವಿದೆ. ನೋವು ನಮ್ಮದಲ್ಲ, ಕಹಿ ಮಾತ್ರೆ ನುಂಗುವವರೂ ನಾವಲ್ಲ. "ಯಾಕೋ ಮುಖ ಬಾಡಿದೆಯಲ್ಲ, ಒಮ್ಮೆ ತೋರಿಸಿಕೊಳ್ಳಬಾರದೇ?" ಎಂದು ಹೇಳಿ ನಡೆದುಬಿಟ್ಟರಾಯಿತು. ಕೇಳಿದವರ ಅಂದಿನ ನಿದ್ದೆ ಹಾಳು, ನಮಗೆ ಮಾತ್ರ ಪರೋಪಕಾರದ ತೃಪ್ತಿ. ನನಗೆ ಈ ವಿದ್ಯೆ ತವರಿನಿಂದಲೇ ಬಂದದ್ದು. ಮೈಸೂರಿನ ನಮ್ಮ ಮನೆಯಲ್ಲಿ ಯಾರಾದರೂ ಸೀನಿದರೆ ಮೂವರು ಮೂರು ರೋಗದ ಹೆಸರು ಹೇಳುತ್ತಿದ್ದರು, ನಾಲ್ಕನೆಯವರು ಕಷಾಯಕ್ಕೆ ಇಟ್ಟಾಗಿರುತ್ತಿತ್ತು. ಅಂಥ ಮನೆಯಿಂದ ನಾನು ಮದುವೆಯಾಗಿ ಬಂದದ್ದು ತಮಿಳುನಾಡಿನ ಪೊಳ್ಳಾಚಿ ಪಕ್ಕದ ನೆಗಮಕ್ಕೆ, ಮನೆಮಾತು ಕನ್ನಡವೇ ಆದ ನೇಕಾರರ ಮನೆಗೆ. ಇಲ್ಲಿ ಯಾವ ಕಾಯಿಲೆಗೂ ಹೆಸರೇ ಇಲ್ಲ. ಎಲ್ಲದಕ್ಕೂ ಮಗ್ಗವೇ ಕಾರಣ.

ಕಾಲು ಜೋಮು ಹಿಡಿಯಿತೇ? ಮಗ್ಗದ ಗುಂಡಿಯೊಳಗೆ ಕಾಲು ಇಳಿಬಿಟ್ಟು ಕೂತದ್ದಕ್ಕೆ. ಸುಸ್ತೇ? ಲಾಳಿ ಎಳೆದದ್ದಕ್ಕೆ. ಬಾಯಾರಿಕೆಯೇ? ನೂಲಿನ ದೂಳಿಗೆ. ಒಮ್ಮೆ ಅತ್ತೆಗೆ ಹಲ್ಲುನೋವು ಬಂದಾಗ, ಮಗ್ಗಕ್ಕೂ ಹಲ್ಲಿಗೂ ಈಗ ಹೇಗೆ ಗಂಟು ಹಾಕುತ್ತಾರೋ ನೋಡೋಣ ಎಂದು ಕಾದು ಕುಳಿತಿದ್ದೆ. "ಚಿಕ್ಕವಳಾಗಿದ್ದಾಗಿಂದ ದಾರ ಹಲ್ಲಲ್ಲೇ ಕಡಿದದ್ದು ಕಣ್ಣು, ಸವೆದೋಗಿದೆ" ಎಂದರು. ನನ್ನನ್ನು ಅವರು ಕರೆಯುವುದೇ ಹಾಗೆ, ಕಣ್ಣು ಅಂತ. ಈ ಸೀಮೆಯ ಅತ್ತೆಯರು ಸೊಸೆಯನ್ನು ಬೈಯುವಾಗಲೂ ಕಣ್ಣು ಎಂದೇ ಬೈಯುವುದರಿಂದ ತಿರುಗಿ ಜಗಳವಾಡುವುದಕ್ಕೆ ಬಾಯಿ ಬರುವುದಿಲ್ಲ.

ಹೀಗಿರುವಾಗ ನಮ್ಮ ಹಿತ್ತಲಿನ ಬಚ್ಚಲಿಗೆ ಇರುವೆ ಬಂದವು. ಒಂದೆರಡಲ್ಲ, ದಿಬ್ಬಣವೇ. ನಾನು ಚೀರಿದೆ. ನಮ್ಮವರು ಮಗ್ಗದಿಂದ ತಲೆಯೆತ್ತದೆ, "ಗಂಜಿಗೆ ಬಂದಿರುತ್ತೆ ಬಿಡು" ಎಂದರು. ಅದರಲ್ಲಿ ನ್ಯಾಯವಿತ್ತು. ಸೀರೆಯ ಉದ್ದಕ್ಕೆ ಬರುವ ಹಾಸಿನ ನೂಲಿಗೆ ಗಂಜಿ ಹಾಕಿದ ಪಾತ್ರೆಗಳನ್ನು ನಾವು ತೊಳೆಯುವುದು ಬಚ್ಚಲಿನ ಪಕ್ಕದಲ್ಲೇ. ಅತ್ತೆಯೂ ತೀರ್ಪು ಕೊಟ್ಟರು: "ಗಂಜಿ ಚೆಲ್ಲಿದ್ರೆ ಇರುವೆ ಬರದೆ ಯಾನೆಯಾ ಬರುತ್ತೆ? ಸುಮ್ಮಾ ಇರು ಕಣ್ಣು." ನಾನು ಅರಿಸಿನದ ಗೆರೆ ಎಳೆದೆ. ಇರುವೆಗಳು ಅದನ್ನು ರಂಗೋಲಿ ಎಂದು ತಿಳಿದವೋ ಏನೋ, ಇನ್ನಷ್ಟು ಸಡಗರದಿಂದ ಬಂದವು. ಆಮೇಲೆ ಮಳೆ ಹಿಡಿಯಿತು. ಮಳೆಯಲ್ಲಿ ಬೀದಿಯುದ್ದಕ್ಕೂ ಹಾಸು ಕಟ್ಟಿ ಗಂಜಿ ಬಳಿದು ಒಣಗಿಸುವಂತಿಲ್ಲ, ಆದ್ದರಿಂದ ಮನೆಯಲ್ಲಿ ಗಂಜಿಯೇ ಬೇಯಲಿಲ್ಲ. ಇರುವೆಗಳು ಮಾತ್ರ ಒಂದು ದಿನವೂ ರಜೆ ಹಾಕಲಿಲ್ಲ. ಆಗ ನನ್ನೊಳಗಿನ ಮೈಸೂರು ಎದ್ದು ಕೂತಿತು. ಬಚ್ಚಲಿಗೆ ಇರುವೆ ಬಂದರೆ ಮನೆಯಲ್ಲಿ ಯಾರಿಗೋ ಸಕ್ಕರೆ ಕಾಯಿಲೆ ಎಂದು ನಮ್ಮಜ್ಜಿ ಹೇಳುತ್ತಿದ್ದದ್ದು ನೆನಪಾಯಿತು. ಮನೆಯಲ್ಲಿರುವವರು ಮೂರೇ ಜನ. ಯಾರು?

ನಾನಂತೂ ಅಲ್ಲ ಎಂಬುದರಲ್ಲಿ ನನಗೆ ಕಿಂಚಿತ್ತೂ ಅನುಮಾನವಿರಲಿಲ್ಲ. ಪತ್ತೇದಾರಿ ಮಾಡುವವಳೇ ಅಪರಾಧಿಯಾಗುವುದು ಎಲ್ಲಾದರೂ ಉಂಟೇ? ಆಸ್ಪತ್ರೆಯ ಗೋಡೆಯ ಮೇಲೆ ನೋಡಿದ್ದ ಲಕ್ಷಣಗಳನ್ನೆಲ್ಲ ನೆನಪು ಮಾಡಿಕೊಂಡು ಇಬ್ಬರ ಮೇಲೂ ಕಣ್ಣಿಟ್ಟೆ. ಅತ್ತೆಗೆ ಆಗಾಗ ಹಸಿವು. ಆದರೆ ಅವರು ತಿನ್ನುವುದು ಹಸಿವಿಗಲ್ಲ, ಬೇಸರಕ್ಕೆ. ನಮ್ಮವರಿಗೆ ಊಟವಾದ ಮೇಲೆ ತೂಕಡಿಕೆ. ಆದರೆ ಊಟವಾದ ಮೇಲೆ ತೂಕಡಿಸದ ಗಂಡಸನ್ನು ನಾನು ಇನ್ನೂ ಕಂಡಿಲ್ಲ. ಈ ಕಾವಲಿನ ಕೆಲಸದಲ್ಲಿ ನನಗೆ ವಿಪರೀತ ಬಾಯಾರಿಕೆ. ಚೊಂಬು ಪಕ್ಕದಲ್ಲೇ ಇಟ್ಟುಕೊಂಡು ಗಟಗಟ ಕುಡಿಯುತ್ತಾ ಕಾಯುತ್ತಿದ್ದೆ. ಇರುವೆಗಳು ಹೆಚ್ಚಾದವೋ ಕಡಿಮೆಯಾದವೋ ನೋಡುವುದಕ್ಕೆಂದು ಮತ್ತೆ ಮತ್ತೆ ಬಚ್ಚಲಿಗೆ ಹೋಗುತ್ತಿದ್ದೆ. ಹೇಗೂ ಹೋದದ್ದಾಯಿತಲ್ಲ ಎಂದು ಆ ಕೆಲಸವನ್ನೂ ಮುಗಿಸಿಕೊಂಡೇ ಬರುತ್ತಿದ್ದೆ. ಓಡಾಟಕ್ಕೋ ಏನೋ ಮೈಯೂ ಇಳಿದಿತ್ತು. ರವಿಕೆಗಳನ್ನೆಲ್ಲ ಟೈಲರ್ ಹತ್ತಿರ ಬಿಗಿ ಮಾಡಿಸಿಕೊಂಡು ಬಂದೆ. ಬೀದಿಯ ಹೆಂಗಸರು "ಏನಕ್ಕಾ, ಕಾಲೇಜು ಹುಡುಗಿಯಾಗಿಬಿಟ್ಟಿದ್ದೀರಿ, ಗುಟ್ಟೇನು?" ಎಂದರೆ, ಮನಸ್ಸು ಗಟ್ಟಿಯಿರಬೇಕಮ್ಮ ಎಂದು ಉಪದೇಶ ಕೊಡುತ್ತಿದ್ದೆ. ಕತ್ತಿನ ಹಿಂಭಾಗ ಕಪ್ಪಾಗಿತ್ತು. ಸರದ ಕೊಳೆ ಎಂದು ಕಡಲೆಹಿಟ್ಟು ಹಾಕಿ ಉಜ್ಜಿ ಉಜ್ಜಿ ಕತ್ತು ಉರಿಯಿತೇ ಹೊರತು ಬಣ್ಣ ಬಿಡಲಿಲ್ಲ.

ಕೊನೆಗೆ ಸಾಕ್ಷಿ ಸಿಕ್ಕಿತು. ನಮ್ಮಲ್ಲಿ ನೇಯ್ದ ಸೀರೆಯನ್ನು ಹರಡಿ, ಅಂಚಿನಿಂದ ಅಂಚಿಗೆ ನೋಡಿ, ಮಡಿಸಿ ಅಂಗಡಿಗೆ ಕಳಿಸುವ ಕೆಲಸ ನನ್ನದು. ನಾನು ಸರಿ ಎಂದರೆ ಸರಿ, ತಪ್ಪು ಎಂದರೆ ತಪ್ಪು. ಆ ದಿನ ಮಗ್ಗದಿಂದ ಇಳಿದ ಚೌಕುಳಿ ಸೀರೆಯನ್ನು ಹರಡಿದರೆ ಅಂಚಿನ ಗೆರೆಗಳು ಒಂದಕ್ಕೊಂದು ಸೇರಿಕೊಂಡಿವೆ, ಚೌಕಗಳ ಮೂಲೆ ಕದಡಿದೆ. "ರೀ, ಅಂಚು ಕೆಟ್ಟಿದೆ" ಎಂದೆ. ಅವರು ಬಗ್ಗಿ ನೋಡಿದರು. ಬಾಗಿಲಿನ ಬೆಳಕಿಗೆ ಹಿಡಿದು ನೋಡಿದರು. "ಎಲ್ಲಿ? ನನಗೇನೂ ಕಾಣಲ್ಲವಲ್ಲ" ಎಂದರು. ಇಷ್ಟು ದೊಡ್ಡ ತಪ್ಪು ಕಾಣುತ್ತಿಲ್ಲವೆಂದರೆ ಕಣ್ಣಿಗೆ ಸಕ್ಕರೆ ಏರಿದೆ ಎಂದೇ ಅರ್ಥ! ನಾನು ಗೆದ್ದ ಉತ್ಸಾಹದಲ್ಲಿ ಹಾಗೆಂದೇಬಿಟ್ಟೆ. ಮುಂದಿನ ಸೀರೆಯಲ್ಲೂ ಅದೇ ತಪ್ಪು, ಅದರಾಚೆಯದರಲ್ಲೂ ಅದೇ. ಮೂರನ್ನೂ ಮೂಲೆಗೆ ಹಾಕಿದೆ.

ಅವರು ಜಗಳವಾಡುತ್ತಾರೆ ಎಂದುಕೊಂಡಿದ್ದೆ. ಆಡಲಿಲ್ಲ. ನನ್ನ ಕಣ್ಣಿನ ಮೇಲೆ ಅವರಿಗೆ ಅಷ್ಟು ನಂಬಿಕೆ. ಹೊಸ ಹಾಸು ಏರಿಸುವ ದಿನ ಬಂದರೂ ಏರಿಸಲಿಲ್ಲ. ಖಾಲಿ ಮಗ್ಗದ ಮುಂದೆ ಕೂತು ತಮ್ಮ ಬೆರಳುಗಳನ್ನೇ ನೋಡಿಕೊಳ್ಳುತ್ತಿದ್ದರು. "ಕಣ್ಣು ಹೋದ ಮೇಲೆ ನಾನು ಯಾವುದಕ್ಕೆ ಆಗ್ತೀನಿ ಹೇಳು" ಎಂದು ಒಂದು ಸಂಜೆ ಕೇಳಿದರು. ಮದುವೆಯಾದಂದಿನಿಂದ ಆ ಮಗ್ಗದ ಸದ್ದನ್ನು ಬೈದುಕೊಂಡೇ ಬಾಳಿದವಳು ನಾನು. ಅದು ನಿಂತ ಮನೆಯಲ್ಲಿ ನನಗೆ ಅಡುಗೆ ಮಾಡುವುದಕ್ಕೂ ಕೈ ಬರಲಿಲ್ಲ.

ಸರಿ, ಮೂವರೂ ರಕ್ತ ಪರೀಕ್ಷೆ ಮಾಡಿಸಿಕೊಳ್ಳುವುದೆಂದಾಯಿತು. ಅವರೊಬ್ಬರನ್ನೇ ಕರೆದೊಯ್ದರೆ ಹೆದರುತ್ತಾರೆ, ಜೊತೆಗೆ ನಾವೂ ಕೈ ಚಾಚಿದರಾಯಿತು ಎಂದು ನನ್ನ ಲೆಕ್ಕ. ನೆಗಮದಲ್ಲೋ ಪೊಳ್ಳಾಚಿಯಲ್ಲೋ ಮಾಡಿಸಿದರೆ ನಮಗಿಂತ ಮೊದಲು ಬೀದಿಗೆ ಗೊತ್ತಾಗುತ್ತದೆ. ಅದಕ್ಕೇ ಬೆಳಗಿನ ಬಸ್ಸು ಹತ್ತಿ ಕೊಯಮತ್ತೂರಿಗೆ ಹೊರಟೆವು. ಖಾಲಿ ಹೊಟ್ಟೆಯಲ್ಲಿ ಹೋಗಬೇಕೆಂದು ಹೇಳಿದ್ದರಿಂದ ಅತ್ತೆಗೆ ಕಾಫಿ ಇಲ್ಲ. ದಾರಿಯುದ್ದಕ್ಕೂ ಅವರು ಕಂಡಕ್ಟರಿಂದ ಹಿಡಿದು ಹೂ ಮಾರುವವಳವರೆಗೆ ಎಲ್ಲರಿಗೂ, "ನನ್ನ ಸೊಸೆ ಒಂದು ಲೋಟ ಕಾಫಿ ಕೊಡಲಿಲ್ಲಪ್ಪಾ" ಎಂದು ತಮಿಳಿನಲ್ಲಿ ದೂರು ಕೊಟ್ಟರು. ಇಡೀ ಬಸ್ಸು ನನ್ನನ್ನು ತಿರುಗಿ ತಿರುಗಿ ನೋಡಿತು. ಆರ್.ಎಸ್. ಪುರಂನಲ್ಲಿ ಇಳಿದರೆ ಎದುರಿಗೇ ವಡೆ ಕರಿಯುತ್ತಿದ್ದಾರೆ. ಅತ್ತೆ ನಿಂತಲ್ಲೇ ಬೇರು ಬಿಟ್ಟರು. ನಾವಿಬ್ಬರೂ ಆಚೆಗೊಂದು ಈಚೆಗೊಂದು ತೋಳು ಹಿಡಿದು ಲ್ಯಾಬಿನೊಳಕ್ಕೆ ನಡೆಸಿಕೊಂಡು ಹೋದೆವು. ಹುಣ್ಣಾಗದ ಕೈಗೆ ಸೂಜಿ ಚುಚ್ಚಿಸಿಕೊಳ್ಳುವುದು ಯಾವ ನ್ಯಾಯ ಎಂದು ಅಲ್ಲಿಯೂ ಒಂದು ವಾದ ಹೂಡಿದರು.

ಮಧ್ಯಾಹ್ನ ಡಾಕ್ಟರು ಮೂರು ಕಾಗದಗಳನ್ನೂ ನೋಡಿದರು. ಹೆಂಗಸು, ಸಣ್ಣ ವಯಸ್ಸು, ನಿಧಾನವಾದ ಮಾತು. ನಾನೇ ಮುಂದೆ ಬಿದ್ದು ತಮಿಳಿನಲ್ಲಿ ಕೇಸು ಮಂಡಿಸಿದೆ: ಇರುವೆ, ಅಂಚು, ನಮ್ಮವರ ಕಣ್ಣು. ಅವರು ಪೂರ್ತಿ ಕೇಳಿ, "ಇರುವೆಯನ್ನು ನಂಬಿಕೊಂಡು ನಾವು ಯಾರಿಗೂ ಕಾಯಿಲೆ ಹೇಳುವುದಿಲ್ಲಮ್ಮ. ಯಜಮಾನರಿಗೆ ಏನೂ ಇಲ್ಲ. ದೊಡ್ಡಮ್ಮನಿಗೂ ಇಲ್ಲ. ಇದು ಯಾರದು?" ಎಂದು ಮೂರನೆಯ ಕಾಗದ ಎತ್ತಿದರು. ಆಮೇಲೆ ನನ್ನನ್ನೇ ಕೇಳತೊಡಗಿದರು. ಬಾಯಾರಿಕೆ ಇದೆಯೇ? ಮೂತ್ರಕ್ಕೆ ಮತ್ತೆ ಮತ್ತೆ ಹೋಗುತ್ತೀರಾ? ತೂಕ ತಾನಾಗಿಯೇ ಇಳಿದಿದೆಯೇ? ಕಣ್ಣು ಮಂಜೇ? ಒಂದೊಂದಕ್ಕೂ ಹೌದು ಎನ್ನುತ್ತಾ ಹೋದಂತೆ ನನ್ನ ದನಿ ಸಣ್ಣದಾಗುತ್ತಾ ಹೋಯಿತು. ಕತ್ತು ನೋಡಿ, "ಇದು ಕೊಳೆಯಲ್ಲ, ಉಜ್ಜಬೇಡಿ" ಎಂದರು. ಸಕ್ಕರೆ ಹೆಚ್ಚಾದಾಗ ಕಣ್ಣು ಹೀಗೆ ಮಂಜಾಗುವುದುಂಟು, ಹತೋಟಿಗೆ ಬಂದರೆ ತಿಳಿಯಾಗಬಹುದು, ಆದರೂ ಕಣ್ಣಿನ ಡಾಕ್ಟರಿಗೆ ತೋರಿಸಲೇಬೇಕು, ಬೇಗ ಬಂದದ್ದು ಒಳ್ಳೆಯದಾಯಿತು ಎಂದರು.

ನನ್ನ ಪಕ್ಕದಲ್ಲಿ ಕುರ್ಚಿ ದಡಾರನೆ ಸದ್ದು ಮಾಡಿತು. ನಮ್ಮವರು ಎದ್ದು ನಿಂತಿದ್ದರು. "ಅಪ್ಪೋ, ಹಾಗಾದ್ರೆ ನನ್ನ ಅಂಚು ಸರಿಯಾಗೇ ಇತ್ತು!" ಎಂದು ಕೂಗಿದರು. ಹೊರಗೆ ಕಾದಿದ್ದವರೂ ಬಾಗಿಲಲ್ಲಿ ಇಣುಕಿದರು. ಅವರ ಮುಖದಲ್ಲಿ ಅಂಥ ಸಂತೋಷವನ್ನು ನಾನು ನಮ್ಮ ಮದುವೆಯ ದಿನವೂ ಕಂಡಿರಲಿಲ್ಲ. ಮರುಕ್ಷಣ ನನ್ನ ಮುಖ ನೋಡಿ ನಾಚಿಕೊಂಡು ಕೂತರು, ಎಲ್ಲರೆದುರಿಗೇ ನನ್ನ ಕೈ ಹಿಡಿದುಕೊಂಡರು. ನಿಜ ಹೇಳುತ್ತೇನೆ, ಆ ಗಳಿಗೆಯಲ್ಲಿ ನನಗೆ ಕಾಯಿಲೆಯ ದುಃಖಕ್ಕಿಂತ ರವಿಕೆಯ ದುಃಖವೇ ದೊಡ್ಡದಾಗಿತ್ತು. ಇಳಿದ ಮೈ ನನ್ನ ಗಟ್ಟಿ ಮನಸ್ಸಿನ ಸಾಧನೆಯಲ್ಲವಂತೆ! ಅತ್ತೆ ಮಾತ್ರ, "ಮುಗೀತಲ್ಲ, ಈಗ ಕಾಫಿ ಕುಡಿಯಲಾಮಾ ಕಣ್ಣು?" ಎಂದರು. ಹೋಟೆಲಿನಲ್ಲಿ ತಮ್ಮ ಲೋಟವನ್ನು ಮುಗಿಸಿ, ನನ್ನದಕ್ಕೆ ಸಕ್ಕರೆ ಹಾಕಬೇಡವೆಂದು ತಾವೇ ಎದ್ದು ಹೋಗಿ ಹೇಳಿ ಬಂದರು.

ಈಗ ಮಾತ್ರೆ, ನಡಿಗೆ, ಅನ್ನದ ಬದಲು ಹೆಚ್ಚು ತರಕಾರಿ. ಸಂಜೆ ನಡೆಯುವಾಗ ನಮ್ಮವರೂ ಜೊತೆಗೆ ಬರುತ್ತಾರೆ. ಎದುರು ಸಿಕ್ಕವರಿಗೆಲ್ಲ, ಯಾರೂ ಕೇಳದಿದ್ದರೂ, ಸೀರೆಯಲ್ಲಿ ತಪ್ಪಿರಲಿಲ್ಲ, ತಪ್ಪು ಇವಳ ಕಣ್ಣಲ್ಲಿತ್ತು ಎಂದು ವಿವರಿಸುತ್ತಾರೆ. ಮಗ್ಗ ಮತ್ತೆ ಸದ್ದು ಮಾಡುತ್ತಿದೆ. ನನ್ನ ಕಣ್ಣೂ ತಿಳಿಯಾಗಿದೆ. ಮೊನ್ನೆ ಹೊಸ ಸೀರೆ ಹರಡಿದೆ, ಮಾವಿನ ಚಿಗುರಿನ ಬಣ್ಣದ್ದು. ಚೌಕಗಳೆಲ್ಲ ಚೊಕ್ಕವಾಗಿ ಕಂಡವು. ಸೆರಗಿನ ಹತ್ತಿರ ಅಂಚಿನಲ್ಲಿ ಒಂದು ಎಳೆ ತಪ್ಪಿತ್ತು, ಅದೂ ಚೊಕ್ಕವಾಗಿ ಕಂಡಿತು. ಈ ಸಲ ನಿಜವಾದ ತಪ್ಪು. ಅವರು ಬಾಗಿಲಲ್ಲಿ ನಿಂತು ಪರೀಕ್ಷೆ ಬರೆದವರ ಹಾಗೆ ನನ್ನ ಮುಖವನ್ನೇ ನೋಡುತ್ತಿದ್ದರು. ಬಾಯಿ ತೆರೆದೆ, ಮುಚ್ಚಿದೆ. ಇದನ್ನು ಅಂಗಡಿಗೆ ಕಳಿಸುವುದಿಲ್ಲ, ಇಷ್ಟು ಚೆನ್ನಾಗಿರುವುದನ್ನು ನಾನೇ ಉಡುತ್ತೇನೆ ಎಂದು ಮಡಿಸಿ ಎದೆಗೆ ಒತ್ತಿಕೊಂಡೆ.

"ನೋಡು, ಈಗ ನಿನ್ನ ಕಣ್ಣು ಪೂರಾ ಸರಿಹೋಯ್ತು" ಎಂದರು ನಮ್ಮವರು.

ಹೌದು ರೀ ಎಂದೆ.