ಹಿಮದಲ್ಲಿ ಹೊತ್ತ ಹರಕೆ

ಬೀಳುವುದರಲ್ಲಿ ನಾಚಿಕೆಯೇನೂ ಇಲ್ಲ. ಬಿದ್ದದ್ದನ್ನು ಗುರುತಿನವರು ನೋಡಿಬಿಟ್ಟರೆ ಮಾತ್ರ ಕಷ್ಟ. ಮನೆಯ ಬಚ್ಚಲಲ್ಲಿ ಜಾರಿ ಬಿದ್ದವನು ಸೊಂಟ ಮುಟ್ಟಿ ನೋಡಿಕೊಳ್ಳುವ ಮೊದಲು ಬಾಗಿಲ ಕಡೆ ನೋಡುತ್ತಾನೆ. ನಾನಂತೂ ಹಾಗೇ. ಈ ಲೆಕ್ಕದಲ್ಲಿ ಇಟಲಿಯ ಬೆಟ್ಟದ ಮೇಲೆ ಹೋಗಿ ಬಿದ್ದರೆ ಏನೂ ಚಿಂತೆಯಿಲ್ಲ, ನೋಡುವವರೆಲ್ಲ ಪರಕೀಯರು ಎಂದು ನಂಬಿದ್ದೆ. ಆದರೆ ಅಲ್ಲಿಗೂ ತರೀಕೆರೆಯವರು ಬಂದಿದ್ದರು.

ಕಡೂರಿನಲ್ಲಿ ನನ್ನದೊಂದು ಪೈಪು, ಮೋಟಾರುಗಳ ಅಂಗಡಿ ಇದೆ. ಹೆಚ್ಚು ಮಾಲು ಮಾರಿದ ಡೀಲರುಗಳನ್ನು ಕಂಪನಿಯವರು ಹೆಂಡತಿ ಸಮೇತ ಪ್ರವಾಸಕ್ಕೆ ಕಳಿಸುವುದುಂಟು. ಇಷ್ಟು ವರ್ಷ ಗೋವಾ, ಹೆಚ್ಚೆಂದರೆ ಬ್ಯಾಂಕಾಕ್. ಈ ಸಲ ಮಾತ್ರ ಯಾರಿಗೆ ಏನು ಹೊಳೆಯಿತೋ, ಇಟಲಿಯ ಹಿಮದ ಬೆಟ್ಟ ಎಂದರು, ಅದೂ ಚಳಿಗಾಲದಲ್ಲಿ. ನಾನು ಆ ವಾರವೆಲ್ಲ ಅಂಗಡಿಗೆ ಬಂದವರಿಗೆ ಪೈಪಿನ ಸುತ್ತಳತೆ ಬಿಟ್ಟು ಸ್ಕೀಯಿಂಗ್ ವಿಚಾರ ಹೇಳಿದೆ. ಕಾಲಿಗೆ ಉದ್ದನೆಯ ಹಲಗೆ ಕಟ್ಟಿಕೊಂಡು ಬೆಟ್ಟದಿಂದ ಜಾರಿ ಬರುವುದು, ಎಲ್ಲ ಸಮತೋಲನದ ಮೇಲೆ ನಿಂತಿದೆ ಎಂದು ಕೈಯಾಡಿಸಿ ತೋರಿಸಿದೆ. ನನ್ನ ಹೆಂಡತಿ ಗಿರಿಜೆ ಮಾತ್ರ ಹುರಿಹಿಟ್ಟಿನ ಡಬ್ಬಿ ಕಟ್ಟುತ್ತಾ ಹೇಳಿದಳು: "ಜಾರೋದಕ್ಕೆ ಅಷ್ಟು ದೂರ ಯಾಕ್ರೀ? ಇಲ್ಲೇ ಬಚ್ಚಲಲ್ಲಿ ಚೆನ್ನಾಗೇ ಜಾರ್ತೀರಲ್ಲ."

ನಮ್ಮ ಗುಂಪಿನಲ್ಲಿ ತರೀಕೆರೆಯ ಡೀಲರ್ ಓಂಕಾರಪ್ಪ ಇದ್ದರು. ಒಂದೇ ವ್ಯಾಪಾರ, ಅಕ್ಕಪಕ್ಕದ ತಾಲ್ಲೂಕು; ಆದ್ದರಿಂದ ನಮ್ಮಿಬ್ಬರಲ್ಲಿ ಬಹಳ ಪ್ರೀತಿ, ಒಬ್ಬರಿಗೊಬ್ಬರು ಒಳ್ಳೆಯದಾಗುವುದನ್ನು ನೋಡಲಾರೆವು. ಅವರ ಮೈ ಸ್ವಲ್ಪ ತುಂಬಿದ್ದು. ಹಿಮದ ಮೇಲೆ ಅವರು ಬೀಳುವುದನ್ನು ನೋಡಬೇಕೆಂಬ ಆಸೆಯೂ ನನ್ನ ಪ್ರವಾಸದ ಉತ್ಸಾಹಕ್ಕೆ ಒಂದು ಕಾರಣವಾಗಿತ್ತು.

ಮೊದಲ ದಿನ ಬೂಟು ಹಾಕಿಕೊಳ್ಳುವುದರಲ್ಲೇ ನನ್ನ ಅರ್ಧ ದಮ್ಮು ಹೋಯಿತು. ಒಂದೊಂದು ಬೂಟೂ ಒಂದೊಂದು ಪಂಪ್‌ಸೆಟ್ಟಿನ ತೂಕ. ಕಲಿಸಲು ಬಂದ ಹುಡುಗಿಯ ಹೆಸರು ಲೂಚಿಯಾ. ನಮ್ಮನ್ನು ಮಕ್ಕಳ ಇಳಿಜಾರಿಗೆ ಕರೆದೊಯ್ದು ನಿಲ್ಲಿಸಿದಳು. ನಿಂತೆ. ನಿಂತೇ ಇದ್ದೇನೆ ಎಂದುಕೊಂಡಾಗ ಪಕ್ಕದ ಪೈನ್ ಮರ ನಿಧಾನವಾಗಿ ಹಿಂದೆ ಸರಿಯಿತು. ಆಮೇಲೆ ಬೇಲಿ ಸರಿಯಿತು. ಲೂಚಿಯಾ ಹಿಂದಿನಿಂದ "ಪಿಜ್ಜಾ! ಪಿಜ್ಜಾ!" ಎಂದು ಕೂಗತೊಡಗಿದಳು. ಇಂಥ ಹೊತ್ತಿನಲ್ಲಿ ಊಟದ ಮಾತೇಕೆ ಎಂದು ನಾನು "ನೋ ನೋ, ತಿಂಡಿ ಆಗಿದೆ" ಎಂದೆ. ಹಲಗೆಗಳ ತುದಿಯನ್ನು ಪಿಜ್ಜಾ ತುಂಡಿನ ಹಾಗೆ ಒಂದಕ್ಕೊಂದು ಹತ್ತಿರ ತಂದರೆ ವೇಗ ನಿಲ್ಲುತ್ತದೆ ಎಂಬುದು ಅದರರ್ಥವಂತೆ. ನನಗೆ ಅದು ತಿಳಿದದ್ದು ಕಾಫಿ ಕುಡಿಯುತ್ತ ಕೂತಿದ್ದ ಇಬ್ಬರು ಮುದುಕಿಯರ ಮೇಜಿನ ಕೆಳಗೆ. ತಲೆಯೆತ್ತಿ ನೋಡಿದರೆ ಓಂಕಾರಪ್ಪ ತಮ್ಮ ಹೊಟ್ಟೆಯನ್ನೇ ಮುಂದಾಳಾಗಿ ಮಾಡಿಕೊಂಡು, ಪಿಜ್ಜಾ ಆಕಾರದಲ್ಲಿ, ಗಂಭೀರವಾಗಿ ಇಳಿದು ಬಂದು ನನ್ನ ಪಕ್ಕ ನಿಂತರು. "ಏನ್ ಸಾರ್, ಏನಾದ್ರೂ ಬೀಳ್ಸ್‌ಕೊಂಡ್ರಾ? ಹುಡುಕ್ಕೊಡ್ಲಾ?" ಎಂದರು.

ಸಂಜೆ ಹೋಟೆಲಿನಲ್ಲಿ ನನ್ನ ಬೆನ್ನಿಗೆ ಮುಲಾಮು ಹಚ್ಚುತ್ತಾ ಗಿರಿಜೆ ತನ್ನ ದಿನದ ಕಥೆ ಹೇಳಿದಳು. ಅವಳು ಹಲಗೆಯ ತಂಟೆಗೆ ಹೋಗದೆ ಹಿಮದಲ್ಲಿ ನಡೆಯುವವರ ಗುಂಪು ಸೇರಿದ್ದಳು. ಅದಕ್ಕೆ ಬೂಟಿನ ಕೆಳಗೆ ಮೊರದಂಥ ಅಗಲವಾದ ಪ್ಲಾಸ್ಟಿಕ್ಕಿನ ಪಾದ ಕಟ್ಟುತ್ತಾರೆ, ಕೈಗೆ ಕೋಲು ಕೊಡುತ್ತಾರೆ; ಹಿಮದಲ್ಲಿ ಕಾಲು ಹೂತುಹೋಗುವುದಿಲ್ಲ. "ಒಂದ್ ಸದ್ದಿಲ್ಲ ಕಣ್ರೀ. ಮರದಿಂದ ಹಿಮ ಉದುರಿದ್ರೆ ಅದೇ ಸದ್ದು. ನಾಳೆ ನೀವೂ ಬನ್ನಿ, ನಡ್ಯೋದು ತಾನೆ" ಎಂದಳು. ಯಗಟಿಯ ಹೆಣ್ಣು, ಹುಟ್ಟಿದಾಗಿನಿಂದ ಉತ್ತ ಹೊಲದಲ್ಲಿ ನಡೆದವಳು. ನಾನು ಅಂಗಡಿಯಿಂದ ಎದುರಿನ ಹೋಟೆಲಿಗೂ ಸ್ಕೂಟರಿನಲ್ಲಿ ಹೋಗುವವನು. ಆದರೂ ನಡೆಯುವುದರಲ್ಲಿ ಕಲಿಯುವುದೇನಿದೆ ಎಂದು ಒಪ್ಪಿಕೊಂಡೆ.

ಇತ್ತು. ಆ ಮೊರಗಳನ್ನು ಕಟ್ಟಿಕೊಂಡವನು ಕಾಲು ಅಗಲಿಸಿ ನಡೆಯಬೇಕು. ನಾನು ಪದೇ ಪದೇ ನನ್ನ ಎಡಗಾಲನ್ನು ನನ್ನ ಬಲಗಾಲಿನಿಂದಲೇ ತುಳಿದು ನಿಲ್ಲುತ್ತಿದ್ದೆ. ಗೈಡೂ ಉಳಿದವರೂ ಕಾಡಿನ ತಿರುವು ದಾಟಿದರು. ಗಿರಿಜೆ ಮಾತ್ರ ಆಗಾಗ ನಿಂತು ನನಗಾಗಿ ಕಾಯುತ್ತಿದ್ದಳು. ಆಗಲೇ ಮಂಜು ಇಳಿಯಿತು. ಮುಂದಿನ ಮರ ಕಾಣದಾಯಿತು. ನನಗೆ ಗಾಬರಿಯಾಗಿ, ಇವನ್ನು ಕಳಚಿದರೆ ಬೇಗ ನಡೆಯಬಹುದು ಎಂಬ ಬುದ್ಧಿ ಬಂತು. ಒಂದನ್ನು ಕಳಚಿ ಕಾಲಿಟ್ಟೆ. ಕಾಲು ಹೋಯಿತು. ಅದು ಎಲ್ಲಿಯವರೆಗೆ ಹೋಗುತ್ತದೆಂದು ನೋಡುತ್ತಿದ್ದಂತೆ ಸೊಂಟವೂ ಹೋಯಿತು. ಕೊಸರಿದಷ್ಟೂ ಒಳಕ್ಕಿಳಿದೆ. ಎದೆಮಟ್ಟ ಹಿಮ, ಸುತ್ತ ಬೆಳ್ಳಗಿನ ಕತ್ತಲು, ಮೊಬೈಲಿನಲ್ಲಿ ಸಿಗ್ನಲ್ ಇಲ್ಲ.

ನಗುವ ಮಾತಲ್ಲ. ಆ ಕ್ಷಣದಲ್ಲಿ ಸಾಯುತ್ತೇನೆಂದೇ ಅನಿಸಿತು. ಬಾಯಿಗೆ ಬಂದದ್ದು ಒಂದೇ ಹೆಸರು, ಅಜ್ಜಂಪುರದಾಚೆ ಗುಡಿಯಿರುವ ನಮ್ಮ ದೇವಿಯದು. "ಅಮ್ಮಾ ಅಂತರಘಟ್ಟಮ್ಮಾ, ಎತ್ತು ತಾಯಿ! ಕಡೂರಿಂದ ನಿನ್ನ ಗುಡೀಗೆ ನಡ್ಕೊಂಡೇ ಬತ್ತೀನಿ!" ಎಂದು ಕಿರುಚಿದೆ. 'ಬರಿಗಾಲಲ್ಲಿ' ಎಂದು ಸೇರಿಸುವುದರಲ್ಲಿದ್ದೆ. ಅಷ್ಟರಲ್ಲಿ ಗಿರಿಜೆ ಬಂದು ತಲುಪಿದಳು. ಚಪ್ಪಲಿ ಉಳಿಯಿತು.

"ಮೊದ್ಲು ಬಾಯ್ ಮುಚ್ಕೊಳ್ಳಿ, ಉಸ್ರು ಉಳೀಲಿ. ಅಲ್ಲಾಡ್ಬೇಡಿ!" ಎಂದು ಗದರಿದಳು. ನಾನು ಕಳಚಿ ಎಸೆದಿದ್ದ ಮೊರವನ್ನೇ ಗುದ್ದಲಿಯ ಹಾಗೆ ಹಿಡಿದು ನನ್ನ ಸುತ್ತಲಿನ ಹಿಮ ತೋಡತೊಡಗಿದಳು. ತೋಡುತ್ತಾ ಬೈಯುತ್ತಿದ್ದಳು. ನನ್ನ ಬುದ್ಧಿ, ನನ್ನ ವಂಶ, ನನ್ನ ಅಂಗಡಿ, ಕೊನೆಗೆ ಇಟಲಿ. ಮುಖದ ಹತ್ತಿರ ಬಗ್ಗಿದಾಗ ನೋಡಿದೆ, ಅವಳ ಕೆನ್ನೆಯೆಲ್ಲ ಒದ್ದೆ. "ನಿಮ್ಗೇನಾದ್ರೂ ಆಗಿದ್ರೆ ಈ ಜನಕ್ಕೆ ನಾನು ಯಾವ್ ಭಾಷೇಲಿ ಹೇಳ್ಲಿ?" ಎಂದಳು. ನಾನು ಅವಳ ಕೈಗವಸನ್ನು ಗಟ್ಟಿಯಾಗಿ ಹಿಡಿದುಕೊಂಡೆ. ಅಷ್ಟು ಹೊತ್ತಿಗೆ ಗೈಡ್ ಹುಡುಕಿಕೊಂಡು ಬಂದ. ನಾನು ಮೊಣಕಾಲಿನವರೆಗೆ ಹೊರಬಂದಿದ್ದೆ. ಅವನು ಗಿರಿಜೆಯನ್ನು ನೋಡಿ "ಬ್ರಾವಾ!" ಎಂದ. ನನ್ನನ್ನು ನೋಡಿ ಏನೂ ಅನ್ನಲಿಲ್ಲ.

ಊರಿಗೆ ಬಂದ ಮೇಲೆ ನಾನು ಹರಕೆಯ ಮಾತೆತ್ತಲಿಲ್ಲ. ಗಿರಿಜೆ ಎತ್ತಿದಳು. ಬೇಸಿಗೆಯ ವ್ಯಾಪಾರ ಮುಗಿಯಲಿ ಎಂದೆ. ಕೇಳಲಿಲ್ಲ.

"ಅಲ್ಲಾ ಕಣೇ, ಇಟಲೀಲಿ ಕೂಗಿದ್ದು ಅಮ್ಮನಿಗೆ ಕೇಳ್ಸಿರುತ್ತಾ?"

"ನಂಗ್ ಕೇಳ್ಸಿದೆ."

"ಅಜ್ಜಂಪುರದವರೆಗೆ ರೈಲಲ್ಲಿ ಹೋಗಿ ಅಲ್ಲಿಂದ ನಡೆದ್ರೆ?"

"ಕಡೂರಿಂದ ಅಂದಿದ್ರಿ. ನಿಮ್ ಜೊತೆ ನಾನೂ ಬತ್ತೀನಿ, ನಡೀರಿ. ರಾತ್ರಿ ಅಜ್ಜಂಪುರದ ಅಕ್ಕನ ಮನೇಲಿ ಉಳ್ಕೊಂಡು, ಬೆಳಿಗ್ಗೆ ಗುಡೀಗೆ ಹೋಗಾಣ."

ಹೀಗೆ ಒಂದು ಬೆಳಗ್ಗೆ ಹೊರಟೆವು. ಬೀರೂರು ದಾಟುವವರೆಗೆ ಭಕ್ತಿಯಿತ್ತು. ಆಮೇಲೆ ಬಿಸಿಲು ಏರಿತು, ಭಕ್ತಿ ಇಳಿಯಿತು. ಗಿರಿಜೆ ಮುಂದೆ, ನಾನು ಹಿಂದೆ. ಹಿಂದಿನಿಂದ ಒಂದು ಕಾರು ಬಂದು ನಿಂತಿತು. ಗಾಜು ಇಳಿಯಿತು. ಓಂಕಾರಪ್ಪ.

"ಇದೇನ್ ಸಾರ್, ಇಟಲೀಲಿ ಹಾರಾಡ್ದೋರು ಇಲ್ಲಿ ಕಾಲ್ನಡಿಗೇಲಿ?"

"ವ್ಯಾಯಾಮ" ಎಂದೆ.

"ಹರಕೆ" ಎಂದಳು ಗಿರಿಜೆ. ಹೇಳಿ ಅಲ್ಲಿಗೇ ನಿಲ್ಲಿಸದೆ, ಎದೆಮಟ್ಟ ಹಿಮದಿಂದ ಹಿಡಿದು 'ಎತ್ತು ತಾಯಿ'ವರೆಗೆ, ನಾನು ಅಷ್ಟು ದಿನ ತರೀಕೆರೆಗೆ ತಿಳಿಯದಂತೆ ಕಾಪಾಡಿಕೊಂಡು ಬಂದಿದ್ದನ್ನೆಲ್ಲ ರಸ್ತೆಯ ಮಧ್ಯೆ ಹೇಳಿಬಿಟ್ಟಳು. ಓಂಕಾರಪ್ಪ ಸ್ಟೇರಿಂಗ್ ಮೇಲೆ ತಲೆಯಿಟ್ಟು ನಕ್ಕರು. ಕಾರಿನ ಹಾರನ್ ಕೂಡ ನಕ್ಕಿತು. ಕಣ್ಣೊರೆಸಿಕೊಂಡು, "ನಾನೂ ಅಜ್ಜಂಪುರಕ್ಕೇ ಹೊರ್ಟಿದ್ದೀನಿ, ಹತ್ತಿ" ಎಂದರು.

ಗಿರಿಜೆ ಬಾಗಿಲು ತೆಗೆದು ಕೂತೇಬಿಟ್ಟಳು. ನನಗೆ ಅಮ್ಮನೇ ಕಾರು ಕಳಿಸಿದಳು ಎನಿಸಿ, ನಾನೂ ಒಂದು ಕಾಲು ಒಳಗಿಟ್ಟೆ.

"ನೀವೆಲ್ಲಿಗೆ?" ಎಂದಳು.

"ಅಲ್ಲ, ನೀನು..."

"ಹರಕೆ ಹೊತ್ತಿದ್ದು ನೀವು ಕಣ್ರೀ. ನಾನ್ ಬರೀ ತೋಡ್ದೋಳು. ಅಕ್ಕನ ಮನೇಲಿ ಅಡಿಗೆ ಮಾಡಿಟ್ಟಿರ್ತೀನಿ, ನಿಧಾನಕ್ಕೆ ಬನ್ನಿ" ಎಂದು, ನೀರಿನ ಬಾಟಲಿಯನ್ನು ನನ್ನ ಕೈಗಿಟ್ಟು ಬಾಗಿಲು ಎಳೆದುಕೊಂಡಳು. ಕಾರು ಹೋಯಿತು. ಅದರ ಧೂಳು ಮಾತ್ರ ಒಂದಿಷ್ಟು ಹೊತ್ತು ನನ್ನ ಜೊತೆಗಿತ್ತು.

ರಸ್ತೆ ಬದಿಯ ಹೊಂಗೆಯ ನೆರಳಿನಲ್ಲಿ ಕೂತೆ. ಚಪ್ಪಲಿ ಕಳಚಿದರೆ ಕಾಲೆಲ್ಲ ಬೊಬ್ಬೆ. ಟಾರು ಕುದಿಯುತ್ತಿತ್ತು. ಬಾಟಲಿಯ ನೀರು ಕಾಫಿಗೆ ಹಾಕುವಷ್ಟು ಬಿಸಿಯಾಗಿತ್ತು. ಅಮ್ಮಾ, ಆ ಇಟಲಿಯ ಹಿಮದಲ್ಲಿ ಒಂದೇ ಒಂದು ಬೊಗಸೆಯಷ್ಟು ಇಲ್ಲಿಗೆ ಕಳಿಸು, ನಿನಗೆ ಇಂಥದ್ದನ್ನು ಒಪ್ಪಿಸುತ್ತೇನೆ ಎನ್ನುವ ಮಾತು ತುಟಿಯವರೆಗೆ ಬಂದಿತ್ತು. ತಟ್ಟನೆ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡೆ. ಅಮ್ಮ ಕೊಟ್ಟುಬಿಟ್ಟರೆ ಗತಿಯೇನು?