ಕಲ್ಲಿದ್ದಲಿನ ಫರ್ನೆಸ್ ಸಾಹೇಬರಲ್ಲಿ ಎರಡು ದಿನದ ರಜೆಗಾಗಿ ಅರಿಕೆ

ನಮ್ಮ ಮನೆಯ ನೆಲಮಾಳಿಗೆಯಲ್ಲಿ ಖಾಯಂ ಆಗಿ ಬಿಜಯಂಗೈದಿರುವ, ದಿನಕ್ಕೊಂದು ಚೀಲ ಕಲ್ಲಿದ್ದಲನ್ನು ಸ್ವೀಕರಿಸಿ ಮನೆಗೆಲ್ಲ ಶಾಖವನ್ನೂ ಅರ್ಧ ಚೀಲ ಬೂದಿಯನ್ನೂ ಕೃಪೆಯಿಂದ ಹಿಂದಿರುಗಿಸುವ ಶ್ರೀಮಾನ್ ಫರ್ನೆಸ್ ಸಾಹೇಬರ ಸನ್ನಿಧಾನಕ್ಕೆ, ಅದೇ ಮನೆಯ ಮೇಲಿನ ಕೋಣೆಯಲ್ಲಿ ಎರಡು ಸ್ವೆಟರ್ ತೊಟ್ಟು ಕುಳಿತಿರುವ ನಿಂಗಪ್ಪ ಹೊಸಮನಿಯ ಸಾಷ್ಟಾಂಗ ನಮಸ್ಕಾರಗಳು.

ಮಾನ್ಯರೇ,

ಈ ದಿನ ಬೆಳಗ್ಗೆ ತಮ್ಮ ಬಾಗಿಲು ತೆರೆದು ನೋಡಿದಾಗ ನೀಲಿ ಜ್ವಾಲೆಗಳು ಕಾಣಿಸಿದ್ದರಿಂದ ತಾವು ಕ್ಷೇಮವಾಗಿದ್ದೀರೆಂದು ತಿಳಿದು ಸಂತೋಷಪಟ್ಟೆವು. ನಮ್ಮ ಕಡೆ ಅಡುಗೆಮನೆಯಲ್ಲಿ ಎಂಬತ್ತಮೂರು ಡಿಗ್ರಿ, ಮಲಗುವ ಕೋಣೆಯಲ್ಲಿ ಐವತ್ತಾರು ಡಿಗ್ರಿ ಫ್ಯಾರನ್‌ಹೀಟ್ ಇರುವುದರಿಂದ, ಒಂದೇ ಸೂರಿನಡಿ ಬೇಸಿಗೆಯನ್ನೂ ಚಳಿಗಾಲವನ್ನೂ ಅನುಭವಿಸುವ ಭಾಗ್ಯ ತಮ್ಮಿಂದಾಗಿ ನಮಗೆ ದೊರಕಿದೆ. ನನ್ನ ಹೆಂಡತಿ ಸ್ಮಿತಾ ರೊಟ್ಟಿ ಬಡಿಯುವಾಗ ಬೆವರುತ್ತಾಳೆ, ಅದೇ ರೊಟ್ಟಿಯನ್ನು ಊಟದ ಮೇಜಿಗೆ ತಂದು ಶಾಲು ಹೊದ್ದುಕೊಂಡು ತಿನ್ನುತ್ತಾಳೆ.

ನಾಲ್ಕು ವರ್ಷದ ಹಿಂದೆ ಈ ಮನೆ ಕೊಳ್ಳುವಾಗ, ಮನೆ ಬೆಚ್ಚಗಿಡುವ ಗ್ಯಾಸಿನ ಕೊಳವೆ ನಮಗಿಂತ ಎರಡು ಮನೆ ಆಚೆಗೇ ನಿಂತುಹೋಗಿದೆ ಎಂಬುದನ್ನು ಮರೆಮಾಚದೆ ತಿಳಿಸಿದ್ದರು. ಆದರೆ ನಾನು ಮಿಷಿಗನ್ನಿನ ಡಿಯರ್‌ಬಾರ್ನ್‌ನಲ್ಲಿ ವಿದ್ಯುತ್ ಕಾರಿನ ಬ್ಯಾಟರಿ ಎಷ್ಟು ಬಿಸಿಯಾಗಬೇಕು, ಎಷ್ಟು ತಣ್ಣಗಿರಬೇಕು ಎಂದು ತೀರ್ಮಾನಿಸುವ ಎಂಜಿನಿಯರ್. ತಮ್ಮ ಉಕ್ಕಿನ ಮೈಯನ್ನು ತಟ್ಟಿ ನೋಡಿದ ಕೂಡಲೇ ಮರುಳಾಗಿ, ಇಂಥ ಗಟ್ಟಿ ಸಾಮಾನು ಈಗೆಲ್ಲಿ ಸಿಗಬೇಕು ಎಂದುಬಿಟ್ಟೆ. ಸ್ಮಿತಾ ತಮ್ಮನ್ನು ಮೇಲಿಂದ ಕೆಳಗೆ ಒಮ್ಮೆ ನೋಡಿ, "ತಂದಾವ್ರು ನೀವು, ಸಾಕಾವ್ರೂ ನೀವ. ನಾ ಇದರ ಬಾಜೂಕನೂ ಬರಂಗಿಲ್ಲ" ಎಂದಳು. ಅಂದಿನಿಂದ ಇಂದಿನವರೆಗೆ ಕೊಟ್ಟ ಮಾತಿಗೆ ತಪ್ಪಿಲ್ಲ.

ಹೀಗಾಗಿ ತಮ್ಮ ಸೇವೆಯ ಸಮಸ್ತ ಪುಣ್ಯವೂ ನನ್ನೊಬ್ಬನ ಪಾಲಿಗೆ ಬಂದಿದೆ. ಬೆಳಗ್ಗೆ ಆರಕ್ಕೆ ಎದ್ದು ತಳದ ಜಾಲರಿಯನ್ನು ಅಲುಗಾಡಿಸಿ, ಬೂದಿಯ ತಟ್ಟೆಯನ್ನು ಸೀನದೆ ಹೊರಕ್ಕೊಯ್ದು, ಹಿಮದಲ್ಲಿ ಜಾರಿ, ಎದ್ದು, ತಮಗೆ ನೈವೇದ್ಯ ಸಲ್ಲಿಸಿದ ಮೇಲೆ ನಾನು ಸ್ನಾನ ಮಾಡಬಹುದು. ಆಮೇಲೆ ಫೋನಿನ ಗುಂಡಿಯೊತ್ತಿ ಅಂಗಳದಲ್ಲಿರುವ ಕಾರಿನ ಸೀಟನ್ನು ಒಳಗಿನಿಂದಲೇ ಬೆಚ್ಚಗೆ ಮಾಡಿಕೊಂಡು ಆಫೀಸಿಗೆ ಹೋಗುತ್ತೇನೆ. ನನ್ನ ಮನೆಗಿಂತ ನನ್ನ ಕಾರು ಸುಖವಾಗಿದೆ. ಕಳೆದ ಶಿವರಾತ್ರಿಯಂದು ಹತ್ತಿರದ ಟ್ರಾಯ್ ಊರಿನ ದೇವಸ್ಥಾನಕ್ಕೆ ಹೋದಾಗ, ನನ್ನ ಹಣೆಗೆ ಮೆತ್ತಿದ್ದ ತಮ್ಮ ಬೂದಿಯನ್ನು ವಿಭೂತಿಯೆಂದು ತಿಳಿದ ಹಿರಿಯರೊಬ್ಬರು, ಈ ದೇಶದಲ್ಲೂ ಇಷ್ಟು ನಿಷ್ಠೆಯುಳ್ಳವರು ಇದ್ದಾರಲ್ಲ ಎಂದು ನನ್ನ ಎರಡೂ ಕೈ ಹಿಡಿದುಕೊಂಡರು. ನಾನು ನಿಜ ಹೇಳಲಿಲ್ಲ, ಪ್ರಸಾದವನ್ನೂ ಎರಡು ಸಲ ತೆಗೆದುಕೊಂಡೆ.

ಇವೆಲ್ಲ ದೂರುಗಳಲ್ಲ, ತಮ್ಮ ಗುಣಗಾನ. ದೂರು ಬೇರೆಯೇ ಇದೆ.

ಷಿಕಾಗೋ ಹತ್ತಿರದ ಎಲ್ಕ್ ಗ್ರೋವ್ ವಿಲೇಜಿನಲ್ಲಿ, ಇಲ್ಲಿಂದ ಇನ್ನೂರ ತೊಂಬತ್ತು ಮೈಲಿ ಆಚೆ, ನನ್ನ ತಂಗಿ ಸುಹಾಸಿನಿ ಇದ್ದಾಳೆ. ಅವಳ ಮಗ ಆರ್ಯನ್‌ನ ಜವಳ ಇನ್ನೂ ಆಗಿಲ್ಲ. ತಮಗೆ ಕೂದಲಿಲ್ಲವಾದ್ದರಿಂದ ವಿವರಿಸುತ್ತೇನೆ: ನಮ್ಮಲ್ಲಿ ಮಗುವಿನ ಹುಟ್ಟುಕೂದಲನ್ನು ಮೊದಲ ಸಲ ತೆಗೆಯುವಾಗ ಮಗು ಸೋದರಮಾವನ ತೊಡೆಯ ಮೇಲೆ ಕೂತಿರಬೇಕು, ಮೊದಲ ಕತ್ತರಿಯೂ ಅವನದೇ ಆಗಿರಬೇಕು. ಅದು ಮೊದಲನೆಯ ವರ್ಷ ಆಗಬೇಕು, ತಪ್ಪಿದರೆ ಮೂರನೆಯದರಲ್ಲಿ, ಎರಡನೆಯದು ಕೂಡದು. ಆ ಮಗುವಿಗೆ ಇರುವ ಒಬ್ಬನೇ ಸೋದರಮಾವ ತಮ್ಮ ಸೇವಕನಾದ ನಾನು.

ಮೊದಲನೆಯ ವರ್ಷ ಹೊರಟೇ ಇದ್ದೆವು. ಅರ್ಧ ದಾರಿಯ ಕಲಮಜೂ ಊರು ದಾಟುವಷ್ಟರಲ್ಲಿ, ಮನೆಯ ಶಾಖ ಐವತ್ತಕ್ಕೆ ಇಳಿದಿದೆಯೆಂದು ನನ್ನ ಫೋನು ಬಡಕೊಳ್ಳತೊಡಗಿತು. ನೀರಿನ ಪೈಪು ಹೆಪ್ಪುಗಟ್ಟಿ ಒಡೆದರೆ ಗತಿಯೇನೆಂದು ಮುಂದಿನ ಎಕ್ಸಿಟ್‌ನಲ್ಲೇ ಕಾರು ತಿರುಗಿಸಿದೆ. ಹಿಂದಿನ ಸೀಟಿನಲ್ಲಿ ಹೊಸ ಲಂಗ ತೊಟ್ಟು ಕೂತಿದ್ದ ಮಗಳು ಧೃತಿ, "ಡ್ಯಾಡ್, ಇಟ್ಸ್ ಜಸ್ಟ್ ಎ ಫರ್ನೆಸ್" ಎಂದಳು. ತಮ್ಮ ಬಗ್ಗೆ ಹಾಗೆ ಮಾತಾಡಬಾರದೆಂದು ಗದರಿಸಿದೆ.

ಈಗ ಆರ್ಯನ್‌ಗೆ ಮೂರು ತುಂಬಲು ಆರು ದಿನ ಉಳಿದಿವೆ. "ಅಣ್ಣಾ, ನಿನ್ನ ಅಳಿಯನ ಕೂದಲಾ ನಡಾ ಮುಟ್ಟ್ಯಾವ. ನಮ್ಮತ್ತಿ ದಿನಾ ಹೆರಳ ಹಾಕ್ತಾರ. ಡೇಕೇರ್‌ನಾಗ ಎಲ್ಲಾರೂ ಅವಂಗ ಹುಡುಗಿ ಅಂತಾರ" ಎಂದು ಸುಹಾಸಿನಿ ಫೋನಿನಲ್ಲಿ ನಗುತ್ತಲೇ ಹೇಳಿದಳು. ಕೊನೆಗೆ ಮಾತ್ರ ನಗಲಿಲ್ಲ. "ಈ ಸಲನೂ ಬರಂಗಿಲ್ಲಂದ್ರ ಈಗ ಹೇಳಿಬಿಡು. ಅವನ ತೊಡಿ ಮ್ಯಾಲೆ ಇವನ ತೊಡಿ ಮ್ಯಾಲೆ ಕುಂದ್ರಸಾಕ ನನಗ ಮನಸಿಲ್ಲ" ಎಂದಳು. ಮುಹೂರ್ತ ಇದೇ ಶನಿವಾರ.

ಅಕ್ಟೋಬರಿನಲ್ಲಿ ಗದಗಿನಿಂದ ಬಂದು ನಮ್ಮೊಂದಿಗಿರುವ ನನ್ನ ಅವ್ವ ನೀಲಮ್ಮ ಆಗ ಮುಂದೆ ಬಂದಳು. "ನಾ ಇಲ್ಲೇ ಇದ್ದು ಬೆಂಕಿ ನೋಡ್ಕೋತೀನಿ, ನೀ ಹೋಗು. ಮಾವ ಇಲ್ಲದ ಜವಳ ಆಗಂಗಿಲ್ಲ, ಅಜ್ಜಿ ಇಲ್ಲದ ಆಕ್ಕೈತಿ" ಎಂದಳು. ಸ್ವಂತ ಮೊಮ್ಮಗನ ಜವಳ ಬಿಟ್ಟು ತಮ್ಮ ಮುಂದೆ ಕೂರಲು ಸಿದ್ಧಳಾದಳು. ನಾನು ನಾಚಿಕೆಯಿಲ್ಲದೆ ಒಪ್ಪಿಕೊಂಡು, ಕಳೆದ ಭಾನುವಾರ ಪರೀಕ್ಷಾರ್ಥವಾಗಿ ತಮ್ಮನ್ನು ಅವಳ ವಶಕ್ಕೆ ಕೊಟ್ಟೆ. ತಮ್ಮ ಈ ಗಟ್ಟಿ ಕಲ್ಲಿದ್ದಲನ್ನು ಮೇಲಿನಿಂದ ಕೆದಕಿದರೆ ಸತ್ತೇಹೋಗುತ್ತದೆ, ಏನಿದ್ದರೂ ಕೆಳಗಿನ ಜಾಲರಿಯನ್ನಷ್ಟೇ ಅಲುಗಿಸಬೇಕು ಎಂದು ಹೇಳಹೋದರೆ, "ನಲವತ್ತು ವರ್ಷ ಒಲಿ ಮುಂದ ಕುಂತೀನಿ, ನನಗೇನ್ ಹೇಳ್ಕೊಡ್ತಿ?" ಎಂದಳು. ಎರಡು ತಾಸಿನ ನಂತರ ನಾನು ಇಳಿದು ಬಂದಾಗ, ಸೌದೆಯ ಒಲೆಗೆ ಮಾಡುವ ಉಪಚಾರವನ್ನೆಲ್ಲ ತಮಗೂ ಮಾಡಿ ಮುಗಿಸಿದ್ದಳು. ಕೆದಕಿದ್ದಳು, ತಿರುವಿದ್ದಳು, ಧೃತಿಯ ಕೊಳಲನ್ನು ಊದುಗೊಳವೆ ಮಾಡಿಕೊಂಡು ಊದಿಯೂ ಇದ್ದಳು. ತಾವು ಕಪ್ಪಗಾಗುತ್ತಿದ್ದಿರಿ. "ಉರೀನ ಕಾಣಲಿಲ್ಲಪಾ. ನಿದ್ದಿ ಹತ್ತೇತೇನೋ ಅಂತ ಎಬ್ಬಿಸಿದ್ನಿ" ಎಂದಳು. ಉಳಿದಿದ್ದ ಅಂಗೈಯಗಲದ ಕೆಂಡವನ್ನು ನಾನು ಮೂರು ಗಂಟೆ ಮಂಡಿಯೂರಿ ಕೂತು ಬದುಕಿಸಿದೆ.

ಆದ್ದರಿಂದ ಸಾಹೇಬರಲ್ಲಿ ನನ್ನ ವಿನಮ್ರ ಬೇಡಿಕೆಗಳೇನೆಂದರೆ, ಈ ಶನಿವಾರ ಭಾನುವಾರಗಳ ಮಟ್ಟಿಗೆ ತಾವೇ ಎದ್ದು ಮೂಲೆಯ ಚೀಲ ಬಿಚ್ಚಿಕೊಂಡು ಊಟ ಮಾಡತಕ್ಕದ್ದು. ಅದು ತಮ್ಮ ಘನತೆಗೆ ಕುಂದೆನಿಸಿದರೆ ಮೆಟ್ಟಿಲು ಹತ್ತಿ ಬಂದು ಕಾರಿನ ಹಿಂದಿನ ಸೀಟಿನಲ್ಲಿ ಆಸೀನರಾಗತಕ್ಕದ್ದು, ಬೆಲ್ಟು ನಾನೇ ಕಟ್ಟುತ್ತೇನೆ. ಎರಡೂ ಆಗದಿದ್ದಲ್ಲಿ ಮಿಷಿಗನ್ನಿನ ಚಳಿಗಾಲವನ್ನು ಸೋಮವಾರದವರೆಗೆ ಮುಂದೂಡುವಂತೆ ಸಂಬಂಧಪಟ್ಟವರಿಗೆ ಶಿಫಾರಸು ಮಾಡತಕ್ಕದ್ದು.

ಇಷ್ಟು ಬರೆದು ಸ್ಮಿತಾಳಿಗೆ ಓದಿ ಹೇಳಿದೆ. ನಗುತ್ತಾಳೆಂದುಕೊಂಡಿದ್ದೆ. ಅವಳು ನಗದೆ, "ಬೆಂಕಿ ಆರಿದ್ರ ಮತ್ತ ಹಚ್ಚಾಕ ಬರ್ತೈತಿ. ಹುಡುಗಗ ಮೂರು ತುಂಬಿದ್ರ ಮತ್ತ ಎರಡ ಆಕ್ಕೈತೇನು?" ಎಂದಳು.

ಮಾನ್ಯರೇ, ಇನ್ನು ನಿಜ ಹೇಳಿಬಿಡುತ್ತೇನೆ. ಮುಖ್ಯ ನಲ್ಲಿ ಮುಚ್ಚಿ, ಪೈಪಿನ ನೀರೆಲ್ಲ ಬಸಿದುಬಿಟ್ಟರೆ ಹೆಪ್ಪುಗಟ್ಟಲು ಒಳಗೇನೂ ಇರುವುದಿಲ್ಲ. ಅದು ನಲವತ್ತು ನಿಮಿಷದ ಕೆಲಸ. ಇದು ಎಂಜಿನಿಯರಾದ ನನಗೆ ಕಲಮಜೂ ದಾಟುವಾಗಲೂ ಗೊತ್ತಿತ್ತು. ಆದರೆ ಅಕ್ಟೋಬರಿನಲ್ಲಿ ಹೊತ್ತಿಸಿದ ಬೆಂಕಿಯನ್ನು ಏಪ್ರಿಲ್‌ವರೆಗೆ ಒಮ್ಮೆಯೂ ಆರಗೊಡದವನು ಎಂಬ ಹೆಸರು ನನಗೆ ಬೇಕಾಗಿತ್ತು. ಕನ್ನಡ ಕೂಟದ ವಾಟ್ಸಪ್ ಗುಂಪಿನಲ್ಲಿ ದಿನಾ ಬೆಳಗ್ಗೆ ತಮ್ಮ ಭಾವಚಿತ್ರ ಹಾಕಿ, ಇಂದಿಗೆ ನೂರಾ ಹದಿನೆಂಟನೆಯ ದಿನ ಎಂದು ಬರೆಯುವುದು, ಅದಕ್ಕೆ ನಲವತ್ತು ಮಂದಿ ಹೆಬ್ಬೆರಳೆತ್ತುವುದು ನನಗೆ ಬೇಕಾಗಿತ್ತು. ತಾವು ನನ್ನನ್ನು ಎಂದೂ ಕಟ್ಟಿಹಾಕಿರಲಿಲ್ಲ. ನನ್ನ ತಂಗಿ ಎರಡು ವರ್ಷ ಕಾದದ್ದು ಈ ಹೆಬ್ಬೆರಳುಗಳಿಗಾಗಿ ಎಂದು ಯೋಚಿಸಿದರೆ ನನ್ನ ಮೇಲೆ ನನಗೇ ಅಸಹ್ಯವಾಗುತ್ತದೆ.

ಆದಕಾರಣ ಮೇಲ್ಕಂಡ ರಜೆಯ ಅರ್ಜಿಯನ್ನು ಹಿಂಪಡೆದು, ತಮಗೇ ಎರಡು ದಿನದ ರಜೆಯನ್ನು ಮಂಜೂರು ಮಾಡಿದ್ದೇನೆ. ಶುಕ್ರವಾರ ಸಂಜೆ ತಮಗೆ ಊಟವಿಲ್ಲ. ಅವ್ವನೂ ಸೇರಿ ನಾಲ್ವರೂ ಹೊರಡುತ್ತಿದ್ದೇವೆ. ಶನಿವಾರ ಬೆಳಗ್ಗೆ ತಾವು ತಣ್ಣಗಾಗುವ ಹೊತ್ತಿಗೆ ನನ್ನ ತೊಡೆಯ ಮೇಲೆ ಆರ್ಯನ್ ಕೂತಿರುತ್ತಾನೆ. ಅವನು ಅಳುತ್ತಾನೆಂದು ಎಲ್ಲರೂ ಹೇಳುತ್ತಿದ್ದಾರೆ; ನನ್ನ ಬಗ್ಗೆ ನಾನೇನೂ ಭರವಸೆ ಕೊಡಲಾರೆ.

ತಮ್ಮ ವಿಶ್ವಾಸಿ, ಶುಕ್ರವಾರ ಸಂಜೆಯವರೆಗೆ ಮಾತ್ರ,
ನಿಂಗಪ್ಪ ಹೊಸಮನಿ

ತಾ.ಕ.: ಈ ಪತ್ರದ ಫೋಟೋ ಕನ್ನಡ ಕೂಟದ ಪತ್ರಿಕೆಗೆ ಹೋಗಿದೆ, ಅಸಲು ಪ್ರತಿಯನ್ನು ತಮ್ಮ ಪಕ್ಕದ ಗೂಡಿನಲ್ಲಿ ಇಟ್ಟಿದ್ದೇನೆ. ಟೈಪು ಮಾಡುವುದು ಬಿಟ್ಟು ಇಷ್ಟುದ್ದ ಪತ್ರವನ್ನು ಕಾಗದದ ಮೇಲೆ, ಅದೂ ಒಂದೊಂದೇ ಬದಿಗೆ, ಹನ್ನೊಂದು ಹಾಳೆ ಬರೆದದ್ದೇಕೆಂದು ತಾವು ಯೋಚಿಸುತ್ತಿರಬಹುದು. ಭಾನುವಾರ ರಾತ್ರಿ ಬಂದು ತಮ್ಮನ್ನು ಮತ್ತೆ ಹೊತ್ತಿಸಲು ಒಣ ಕಾಗದ ಬೇಕಲ್ಲ.